ಹಾಡುವ ಹಕ್ಕು, ಹಾಡದಿರುವ ಹಕ್ಕು

ವಾಡಿಯ ಕಡೆಯಿಂದ ಬರುವ ರೈಲು ಹೈದರಾಬಾದು ನಗರದಲ್ಲಿ ನಾಂಪಲ್ಲಿಯ ನಿಲ್ದಾಣವನ್ನು ಸೇರಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಹಳಿಯಿಲ್ಲ. 1907ರಲ್ಲಿ ಕಟ್ಟಿದ ಈ ನಿಲ್ದಾಣದಲ್ಲಿ ಇಳಿದು ಈ ಊರಿನವರೇ ಆಗಿಹೋದ ಕನ್ನಡಿಗರು ಬಹಳ ಮಂದಿ. ವಕಾಲತ್ತಿಗೆ, ನೌಕರಿಗೆ, ವ್ಯಾಪಾರಕ್ಕೆ ಬಂದವರ ನಡುವೆ ಟ್ರಂಕು ಹಾಸಿಗೆಗಳೊಡನೆ ಇಳಿದ ವಿದ್ಯಾರ್ಥಿಗಳೂ ಇದ್ದರು. ಕಲಬುರ್ಗಿಯ ಇಂಟರ್‌ಮೀಡಿಯೆಟ್ ಕಾಲೇಜನ್ನು ದಾಟಿದ ಮೇಲೆ ಸಂಸ್ಥಾನದೊಳಗೇ ಪದವಿಯವರೆಗೆ ಓದಬೇಕೆಂಬುವವರಿಗೆ ಹೈದರಾಬಾದಲ್ಲದೆ ಬೇರೆ ಗತಿಯಿರಲಿಲ್ಲ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣವನ್ನು ನೀಡಲು ಕೈಗೊಂಡ ಧೀರ ಪ್ರಯೋಗವೆಂಬುದು ನಿರ್ವಿವಾದ. ಆ ಭಾಷೆ ಉರ್ದುವಾಗಿತ್ತು. ಮನೆಯಲ್ಲಿ ಕನ್ನಡ, ತೆಲುಗು ಅಥವಾ ಮರಾಠಿಯನ್ನಾಡುವ ಹುಡುಗನು ತರ್ಕವನ್ನೂ ರಸಾಯನಶಾಸ್ತ್ರವನ್ನೂ ಅದರಲ್ಲಿಯೇ ಕಲಿಯಬೇಕಾಗಿತ್ತು.

1938ನೆಯ ಇಸವಿಯನ್ನು ನಾಂಪಲ್ಲಿಯವರು ಸಾಮಾನ್ಯವಾಗಿ ನುಮಾಯಿಷ್ ಆರಂಭವಾದ ವರ್ಷವೆಂದು ನೆನೆಯುತ್ತಾರೆ. ಉಸ್ಮಾನಿಯಾದ ಪದವೀಧರರು ಕೂಡಿ ಸಂಸ್ಥಾನದ ಕೈಗಾರಿಕಾ ವಸ್ತುಗಳ ಪ್ರದರ್ಶನವೊಂದನ್ನು ಆ ವರ್ಷ ಬಾಗ್-ಎ-ಆಮ್ ಉದ್ಯಾನದಲ್ಲಿ ಏರ್ಪಡಿಸಿದರು. 1946ರಲ್ಲಿ ಅದು ಈಗಿನ ಮೈದಾನಕ್ಕೆ ಬಂದಿತು. ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯಗಳಲ್ಲಿ ಅದೇ ವರ್ಷದ ನವೆಂಬರಿನ ಕೊನೆಯಲ್ಲಿ ನಡೆದ ಇನ್ನೊಂದು ಸಂಗತಿಯ ಸ್ಮರಣೆ ಇಷ್ಟು ಜೀವಂತವಾಗಿಲ್ಲ. ಪ್ರಾರ್ಥನೆಯ ವೇಳೆ ‘ವಂದೇ ಮಾತರಂ’ ಹಾಡಬಾರದೆಂದು ಅಧಿಕಾರಿಗಳು ಆಜ್ಞೆಮಾಡಿದರು. ಹುಡುಗರು ಹಾಡಿದರು. ಮುಷ್ಕರ ಹೂಡಿದರು. ನೂರಾರು ಮಂದಿಯ ಹೆಸರುಗಳನ್ನು ದಾಖಲೆಯಿಂದ ತೆಗೆದುಹಾಕಲಾಯಿತು. ಚಳವಳಿಯು ಔರಂಗಾಬಾದು, ವರಂಗಲ್ಲು, ಕಲಬುರ್ಗಿಗಳ ಕಾಲೇಜುಗಳಿಗೂ ಹಬ್ಬಿತು.

ಈ ಪ್ರಸಂಗವನ್ನು ಸ್ವಾತಂತ್ರ್ಯ ಹೋರಾಟದ ಕಥೆಯಲ್ಲಿ ಒಂದು ಪ್ಯಾರಾ ಆಗಿ ಓದಿ ಮುಂದೆ ಸಾಗುವುದು ವಾಡಿಕೆ. ಆದರೆ ಇದರೊಳಗೆ ಇನ್ನೂ ಹಳತಾಗದ ಒಂದು ಪ್ರಶ್ನೆ ಅಡಗಿದೆ. ಒಬ್ಬನು ತನ್ನ ಖಾಸಗಿ ಶ್ರದ್ಧೆಯನ್ನು ಕಾಪಾಡಿಕೊಳ್ಳಲು ಹೊರಟಾಗ ಅದು ಯಾವ ಗಳಿಗೆಯಲ್ಲಿ ರಾಜಕೀಯ ಪ್ರತಿಭಟನೆಯಾಗುತ್ತದೆ, ಹಾಗಾದಾಗ ಅದಕ್ಕಿರುವ ನ್ಯಾಯ ಯಾವುದು ಎಂಬುದೇ ಆ ಪ್ರಶ್ನೆ.

ಅಂದಿನ ಸಂಸ್ಥಾನದ ಸ್ಥಿತಿಯನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಬೇಕು. ಸಾರ್ವಜನಿಕ ಸಭೆ ಸೇರಿಸಬೇಕಾದರೆ ಮೊದಲು ಸರಕಾರದ ಅಪ್ಪಣೆ ಪಡೆಯಬೇಕೆಂದು ‘ಗಷ್ತಿ 53’ ಎಂಬ ಕುಖ್ಯಾತ ಸುತ್ತೋಲೆ ವಿಧಿಸಿತ್ತು. ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸು ವಿಧಿಪೂರ್ವಕವಾಗಿ ಹುಟ್ಟುವ ಮೊದಲೇ, 1938ರ ಸೆಪ್ಟೆಂಬರಿನಲ್ಲಿ, ನಿಷೇಧಕ್ಕೆ ಒಳಗಾಯಿತು. ಆ ನಿಷೇಧ ತೆರವಾದದ್ದು 1946ರಲ್ಲಿ. ಅಕ್ಟೋಬರ್ 24ರಂದು ಅದರ ಸತ್ಯಾಗ್ರಹ ಆರಂಭವಾಯಿತು. ಅದರ ಮೊದಮೊದಲ ತಂಡಗಳಲ್ಲಿ ಸೆರೆಮನೆ ಸೇರಿದವರಲ್ಲಿ ಸ್ವಾಮಿ ರಾಮಾನಂದ ತೀರ್ಥರೊಬ್ಬರು. ಬಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ 1903ರಲ್ಲಿ ಜನಿಸಿ, 1932ರಲ್ಲಿ ಸಂನ್ಯಾಸ ಸ್ವೀಕರಿಸಿದವರು ಅವರು. ಕಾಷಾಯಧಾರಿಗೆ ರಾಜಕಾರಣವೇಕೆ ಎಂದು ಕೇಳುವವರು ಅಂದಿಗೂ ಇಂದಿಗೂ ಇದ್ದಾರೆ. ಸಂನ್ಯಾಸಿಗೆ ಕಳೆದುಕೊಳ್ಳಬೇಕಾದ ಆಸ್ತಿಯಾಗಲಿ ಹುದ್ದೆಯಾಗಲಿ ಇರುವುದಿಲ್ಲವಾದ್ದರಿಂದ ಆತನ ಪ್ರತಿಭಟನೆಗೆ ಬೆಲೆಕಟ್ಟುವುದು ಸರಕಾರಕ್ಕೆ ಕಷ್ಟ ಎಂಬುದೊಂದು ಉತ್ತರ. 1952ರ ಪ್ರಥಮ ಚುನಾವಣೆಯಲ್ಲಿ ಕಲಬುರ್ಗಿಯ ಮತದಾರರು ಅವರನ್ನೇ ಲೋಕಸಭೆಗೆ ಕಳುಹಿದರೆಂಬುದು ಇನ್ನೊಂದು.

ಅದೇ ತಿಂಗಳುಗಳಲ್ಲಿ ಆರ್ಯಸಮಾಜದ ಸತ್ಯಾಗ್ರಹವೂ ಮೊದಲಾಯಿತು. ಹವನ ಮಾಡಲು, ಹವನಕುಂಡ ಕಟ್ಟಲು, ಧರ್ಮಪ್ರಚಾರ ನಡೆಸಲು ಅಡ್ಡಿ ಇರಬಾರದೆಂಬುದು ಅವರ ಬೇಡಿಕೆ. ಎರಡು ಪ್ರವಾಹಗಳು ಒಂದಕ್ಕೊಂದು ಬೆರೆತು, ಪೌರಹಕ್ಕಿನ ಹೋರಾಟಕ್ಕೆ ಮತೀಯ ಬಣ್ಣ ಬರುತ್ತಿದೆಯೆಂದು ಕಂಡಾಗ ಗಾಂಧೀಜಿಯವರ ಸಲಹೆಯ ಮೇರೆಗೆ ಡಿಸೆಂಬರಿನಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹವನ್ನು ನಿಲ್ಲಿಸಲಾಯಿತು. ಆರ್ಯಸಮಾಜದ್ದು 1939ರ ಆಗಸ್ಟಿನವರೆಗೆ ನಡೆಯಿತು. ಅದರ ಸತ್ಯಾಗ್ರಹಿಯಾಗಿದ್ದ ರಾಮಚಂದ್ರರಾಯರು ಸೆರೆಮನೆಯಲ್ಲಿ ಪ್ರತಿಯೊಂದು ಛಡಿಯೇಟಿಗೂ ಅದೇ ಹಾಡಿನ ಮಾತನ್ನು ಕೂಗಿದರೆಂದೂ, ಅಂದಿನಿಂದ ‘ವಂದೇಮಾತರಂ’ ಎಂಬುದು ಅವರ ಹೆಸರಿಗೆ ಸೇರಿಕೊಂಡಿತೆಂದೂ ಹೇಳುತ್ತಾರೆ.

ವಿದ್ಯಾರ್ಥಿಗಳು ಈ ಎರಡೂ ಪ್ರವಾಹಗಳ ನಡುವೆ ನಿಂತಿದ್ದರು. ಅವರಲ್ಲಿ ಹೆಚ್ಚಿನವರು ಕ್ರಾಂತಿಕಾರರಲ್ಲ. ಬೆಳಿಗ್ಗೆ ಸಂಜೆ ಪ್ರಾರ್ಥನೆ ಮಾಡುವ, ಮನೆಯ ಆಚಾರವನ್ನು ಪರಸ್ಥಳದಲ್ಲಿಯೂ ಬಿಡಬಾರದೆಂದು ಹಿರಿಯರಿಂದ ಹೇಳಿಸಿಕೊಂಡು ಬಂದ ಸಂಪ್ರದಾಯಸ್ಥ ಮನೆಗಳ ಮಕ್ಕಳು. ಅಧಿಕಾರಿಗಳ ವಾದವಾದರೋ, ಇದು ಪ್ರಾರ್ಥನೆಯಲ್ಲ, ರಾಜಕೀಯ ಗೀತೆ. ಇತರರ ಮನಸ್ಸಿಗೆ ನೋವುಂಟುಮಾಡುವಂಥದು ಎಂದಿತ್ತು. ಈ ವಾದವನ್ನು ಕೇವಲ ದಬ್ಬಾಳಿಕೆಯೆಂದು ತಳ್ಳಿಬಿಡುವುದು ಪ್ರಾಮಾಣಿಕತೆಯಲ್ಲ. ಬಂಕಿಮಚಂದ್ರರ ‘ಆನಂದಮಠ’ದಿಂದ ಹೊರಟ ಈ ಗೀತೆ 1905ರ ವಂಗಭಂಗ ವಿರೋಧದ ರಣಘೋಷವಾಗಿತ್ತು, ಅದನ್ನು ಹಾಡುವಾಗ ಹುಡುಗರ ಮನಸ್ಸಿನಲ್ಲಿ ದೇವಿಯ ಜೊತೆಗೆ ದೇಶವೂ ಇದ್ದಿತು. ದೇವಿಯ ರೂಪಕಲ್ಪನೆಯುಳ್ಳ ಭಾಗಗಳ ಬಗೆಗೆ ಮುಸಲ್ಮಾನರಿಗಿದ್ದ ಆಕ್ಷೇಪವನ್ನು ಮನ್ನಿಸಿ, ಮೊದಲಿನ ಎರಡು ನುಡಿಗಳನ್ನು ಮಾತ್ರ ಸಭೆಗಳಲ್ಲಿ ಹಾಡಬೇಕೆಂದು ಕಾಂಗ್ರೆಸ್ ಕಾರ್ಯಸಮಿತಿಯೇ 1937ರಲ್ಲಿ ನಿರ್ಣಯಿಸಿತ್ತು. ಅಂದಮೇಲೆ ಹಾಡು ನಿರಪಾಯವಾದದ್ದೆಂಬುದು ವಿದ್ಯಾರ್ಥಿಗಳ ನ್ಯಾಯಕ್ಕೆ ಆಧಾರವಾಗಲಾರದು. ತಮ್ಮ ಪ್ರಾರ್ಥನೆಯಲ್ಲಿ ತಾವು ಹಾಡುತ್ತೇವೆ, ಬೇರೆಯವರು ಹಾಡಬೇಕೆನ್ನುವುದಿಲ್ಲ ಎಂಬಷ್ಟರಲ್ಲಿಯೇ ಅದರ ಬಲವೆಲ್ಲ ಇದೆ.

ಸಂಪ್ರದಾಯಸ್ಥನ ಪ್ರತಿಭಟನೆಯ ಲಕ್ಷಣವೇ ಹೀಗೆ. ಸುಧಾರಕನು ಇನ್ನೂ ಇಲ್ಲದ್ದನ್ನು ಕೇಳುತ್ತಾನೆ; ಇವನು ಇದ್ದುದನ್ನು ಬಿಡೆನೆನ್ನುತ್ತಾನೆ. ಮನೆಯೊಳಗೆ ಸುಮ್ಮನೆ ಇದ್ದವನು ಆಜ್ಞೆ ಮನೆಬಾಗಿಲಿಗೆ ಬಂದಾಗ ಹೊರಗೆ ಬಂದು ನಿಲ್ಲುತ್ತಾನೆ. ಆ ಗಳಿಗೆಯಲ್ಲಿ ಅವನ ಜಪವೂ ಉಪವಾಸವೂ ಮೌನವೂ ರಾಜಕೀಯವಾಗುತ್ತವೆ. ಹಾಗೆ ಮಾಡಿದವನು ಅವನಲ್ಲ, ಆಜ್ಞೆ ಹೊರಡಿಸಿದವನು.

ಇದನ್ನು ಸ್ಪಷ್ಟಪಡಿಸಲು ಹೈದರಾಬಾದಿನಿಂದ ಬಹುದೂರದ ಅಮೆರಿಕೆಯ ಉದಾಹರಣೆಯೊಂದು ಸಹಾಯಕವಾಗುತ್ತದೆ. ಅಲ್ಲಿ ತಕರಾರು ಎದ್ದದ್ದು ಹಾಡಿದ್ದಕ್ಕಲ್ಲ, ಕೈಯೆತ್ತದೆ ಬಾಯಿ ಮುಚ್ಚಿ ನಿಂತದ್ದಕ್ಕೆ. ಪೆನ್ಸಿಲ್ವೇನಿಯಾದ ಮೈನರ್ಸ್‌ವಿಲ್ ಎಂಬ ಊರಿನ ಶಾಲೆಯಿಂದ 1935ರಲ್ಲಿ ಇಬ್ಬರು ಮಕ್ಕಳನ್ನು ಹೊರಹಾಕಿದರು; ಅವರು ರಾಷ್ಟ್ರಧ್ವಜಕ್ಕೆ ವಂದನೆ ಸಲ್ಲಿಸಲಿಲ್ಲವೆಂಬುದೇ ಅಪರಾಧ. ಮಕ್ಕಳ ಮನೆಯವರು ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಗಡದವರು. ಬೈಬಲ್ಲಿನ ವಿಧಿಯನ್ನು ಅಕ್ಷರಶಃ ಪಾಲಿಸುವ ಈ ಜನ ಮತ ಹಾಕುವುದಿಲ್ಲ, ಸೈನ್ಯ ಸೇರುವುದಿಲ್ಲ, ಪ್ರತಿಮೆಗೆ ಬಾಗುವುದಿಲ್ಲ. ಧ್ವಜವೂ ಅವರ ದೃಷ್ಟಿಯಲ್ಲಿ ಒಂದು ಪ್ರತಿಮೆ. ರಾಜಕಾರಣವನ್ನೇ ತೊರೆದವರು ರಾಜಕೀಯ ಪ್ರತಿಭಟನೆಯ ಇತಿಹಾಸದಲ್ಲಿ ಅಗ್ರಸ್ಥಾನ ಪಡೆದದ್ದು ವಿಚಿತ್ರವಾದರೂ ನಿಜ. 1940ರಲ್ಲಿ ಅಮೆರಿಕೆಯ ಶ್ರೇಷ್ಠ ನ್ಯಾಯಾಲಯವು ಎಂಟು ಮಂದಿಯ ಬಹುಮತದಿಂದ ಶಾಲೆಯ ಪಕ್ಷವನ್ನೇ ಹಿಡಿಯಿತು. ರಾಷ್ಟ್ರೀಯ ಐಕ್ಯವೇ ರಾಷ್ಟ್ರರಕ್ಷಣೆಯ ಮೂಲವೆಂದು ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್. ಭಿನ್ನಮತ ಸೂಚಿಸಿದವರು ಹಾರ್ಲನ್ ಸ್ಟೋನ್ ಒಬ್ಬರೇ. ತೀರ್ಪಿನ ಬೆನ್ನಿಗೇ ಹಲವು ಊರುಗಳಲ್ಲಿ ಜನರ ಗುಂಪುಗಳು ಈ ಪಂಗಡದವರ ಮೇಲೆ ಬಿದ್ದವು.

ಮೂರೇ ವರ್ಷಗಳಲ್ಲಿ ನ್ಯಾಯಾಲಯ ತನ್ನ ಅಭಿಪ್ರಾಯವನ್ನು ಬದಲಿಸಿತು. ಪಶ್ಚಿಮ ವರ್ಜೀನಿಯಾದ ಬಾರ್ನೆಟ್ ಮೊಕದ್ದಮೆಯಲ್ಲಿ 1943ರ ಜೂನ್ 14ರಂದು, ಮಹಾಯುದ್ಧದ ನಡುವೆ, ಅದೂ ಆ ದೇಶದ ಧ್ವಜದಿನದಂದೇ, ಆರು ಮಂದಿ ನ್ಯಾಯಾಧೀಶರು ಮಕ್ಕಳ ಪರವಾಗಿ ನಿಂತರು. ಯಾವುದು ಸರಿಯಾದ ಶ್ರದ್ಧೆಯೆಂದು ಗೊತ್ತುಮಾಡುವ ಅಧಿಕಾರ ದೊಡ್ಡವನೋ ಸಣ್ಣವನೋ ಯಾವ ಅಧಿಕಾರಿಗೂ ಇಲ್ಲವೆಂಬುದು ನ್ಯಾಯಮೂರ್ತಿ ರಾಬರ್ಟ್ ಜ್ಯಾಕ್ಸನ್ನರು ಬರೆದ ತೀರ್ಪಿನ ತಾತ್ಪರ್ಯ. (ಎರಡು ಮೊಕದ್ದಮೆಗಳಲ್ಲಿಯೂ ನ್ಯಾಯಾಲಯದ ಕಾಗದಗಳು ಆ ಕುಟುಂಬಗಳ ಹೆಸರಿನ ಕಾಗುಣಿತವನ್ನು ತಪ್ಪಾಗಿಯೇ ಬರೆದುಕೊಂಡವು, ಗೊಬೈಟಸ್ ಮನೆತನ ಗೊಬೈಟಿಸ್ ಆಯಿತು, ಬಾರ್ನೆಟ್ ಎಂಬುದಕ್ಕೆ ಒಂದು ಅಕ್ಷರ ಹೆಚ್ಚಾಗಿ ಸೇರಿತು. ತಪ್ಪು ಹೆಸರುಗಳೇ ನ್ಯಾಯಶಾಸ್ತ್ರದಲ್ಲಿ ಚಿರಸ್ಥಾಯಿಯಾಗಿವೆ.) ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಶಾಲೆಗೆ ಹೋದ ವಿದ್ಯಾರ್ಥಿಗಳ ಪರವಾಗಿ 1969ರಲ್ಲಿ ಅದೇ ನ್ಯಾಯಾಲಯ ತೀರ್ಪು ನೀಡಿದಾಗ, ಅದು ನೆಚ್ಚಿದ ಹಿಂದಿನ ನಿರ್ಣಯಗಳಲ್ಲಿ ಬಾರ್ನೆಟ್ ಮೊಕದ್ದಮೆಯದೂ ಒಂದು. ಧರ್ಮನಿಷ್ಠರು ಗೆದ್ದುಕೊಂಡ ಹಕ್ಕನ್ನು ಅವರೊಡನೆ ಬೇರಾವ ವಿಷಯದಲ್ಲಿಯೂ ಸಹಮತವಿಲ್ಲದವರು ಅನುಭವಿಸಿದರು.

ಭಾರತದಲ್ಲಿ ಇದೇ ಪ್ರಶ್ನೆ ಕೇರಳದ ಶಾಲೆಯೊಂದರಿಂದ ಎದ್ದು ಬಂದಿತು. ಅದೇ ಪಂಗಡದ ಮೂವರು ಮಕ್ಕಳು ಪ್ರತಿದಿನ ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರ ಅಕ್ಕಂದಿರೂ ಹಾಗೆಯೇ ನಡೆದುಕೊಂಡಿದ್ದರು, ಯಾರೂ ಏನೂ ಅಂದಿರಲಿಲ್ಲ. 1985ರ ಜುಲೈಯಲ್ಲಿ ಶಾಸಕರೊಬ್ಬರ ಗಮನಕ್ಕೆ ಅದು ಬಿದ್ದು ವಿಧಾನಸಭೆಯಲ್ಲಿ ಪ್ರಸ್ತಾಪವಾಯಿತು. ವಿಚಾರಣೆಗೆ ನೇಮಿಸಿದ ಆಯೋಗವು ಮಕ್ಕಳು ಸನ್ನಡತೆಯವರು, ಅಗೌರವ ತೋರಿಲ್ಲ ಎಂದು ವರದಿ ಕೊಟ್ಟರೂ ಮೇಲಿನವರ ಸೂಚನೆಯಂತೆ ಅವರನ್ನು ಶಾಲೆಯಿಂದ ತೆಗೆದರು. ಕೇರಳದ ಉಚ್ಚ ನ್ಯಾಯಾಲಯ ಅವರ ಮನವಿಯನ್ನು ತಿರಸ್ಕರಿಸಿತು. 1986ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ಅವರನ್ನು ಮರಳಿ ಸೇರಿಸಿಕೊಳ್ಳುವಂತೆ ಆಜ್ಞಾಪಿಸಿತು.

ಬಿಜೋ ಇಮ್ಮಾನುವೆಲ್ ಮೊಕದ್ದಮೆಯೆಂದು ಪ್ರಸಿದ್ಧವಾದ ಈ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ. ಹೈದರಾಬಾದಿನಲ್ಲಿದ್ದ ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದವರು. ಕನ್ನಡಿಗರಿಗೆ ಅವರು ಕರ್ನಾಟಕದ ಮೂರನೆಯ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ ಹೆಚ್ಚು ಪರಿಚಿತರು. ರಾಷ್ಟ್ರಗೀತೆಯನ್ನು ಹಾಡಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ, ಎದ್ದು ನಿಂತರೆ ಗೌರವ ಸಲ್ಲಿಸಿದಂತೆಯೇ ಎಂದರು ಅವರು. ಸಂವಿಧಾನದ 19ನೆಯ ವಿಧಿಯ ವಾಕ್‌ಸ್ವಾತಂತ್ರ್ಯವನ್ನೂ 25ನೆಯ ವಿಧಿಯ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನೂ ಒಟ್ಟಿಗೆ ಹಿಡಿದು, ನಂಬಿಕೆಯು ನ್ಯಾಯಾಧೀಶನ ಬುದ್ಧಿಗೆ ಒಪ್ಪುತ್ತದೆಯೇ ಎಂದು ಕೇಳುವಂತಿಲ್ಲ, ಅದನ್ನು ಹಿಡಿದವನು ಮನಃಪೂರ್ವಕವಾಗಿ ಹಿಡಿದಿದ್ದಾನೆಯೇ ಎಂಬುದನ್ನಷ್ಟೇ ಕೇಳಬೇಕು ಎಂದರು. ಅಮೆರಿಕೆಯ ಎರಡು ತೀರ್ಪುಗಳೂ ಅವರ ಪರಿಶೀಲನೆಗೆ ಒಳಪಟ್ಟಿದ್ದವು. ಎಷ್ಟೇ ಅಲ್ಪಸಂಖ್ಯಾತವಾದ ಗುಂಪಾದರೂ ಸಂವಿಧಾನದ ನೆರಳಿನಲ್ಲಿ ತನ್ನತನವನ್ನು ಕಂಡುಕೊಳ್ಳಲು ಸಾಧ್ಯವಾಗುವುದೇ ನಿಜವಾದ ಪ್ರಜಾಪ್ರಭುತ್ವದ ಪರೀಕ್ಷೆಯೆಂಬುದು ಅವರ ಅಭಿಪ್ರಾಯದ ಸಾರ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಲಬುರ್ಗಿ, ರಾಯಚೂರುಗಳು ಮೈಸೂರನ್ನು ಸೇರಿ, ರಾಜಧಾನಿಯಾದ ಹೈದರಾಬಾದಿನ ಕನ್ನಡಿಗರು ಒಂದೇ ದಿನದಲ್ಲಿ ಪರರಾಜ್ಯದ ಭಾಷಾ ಅಲ್ಪಸಂಖ್ಯಾತರಾದರು. ಮಕ್ಕಳಿಗೆ ಕನ್ನಡ ಶಾಲೆ ಬೇಕೆಂದು ಅವರು ಕೇಳಿದಾಗ ಅವರ ನೆರವಿಗೆ ನಿಂತ 29, 30ನೆಯ ವಿಧಿಗಳೂ, ಅದೇ ವರ್ಷ ಸೇರಿಸಿದ 350-ಅ ವಿಧಿಯೂ ಇದೇ ನ್ಯಾಯದ ಮೇಲೆ ನಿಂತಿವೆ. ಸಂಖ್ಯೆಯಲ್ಲಿ ಕಡಿಮೆಯಿರುವವರ ರೂಢಿ ಹೆಚ್ಚಿನವರಿಗೆ ಇಷ್ಟವಾಗಬೇಕೆಂಬ ಷರತ್ತು ಅಲ್ಲಿಲ್ಲ.

1938ರ ಹುಡುಗರು ಹಾಡುತ್ತೇವೆಂದರು. 1985ರ ಮಕ್ಕಳು ಹಾಡುವುದಿಲ್ಲವೆಂದರು. ಮೊದಲಿನವರನ್ನು ದೇಶಭಕ್ತರೆಂದು ಕೊಂಡಾಡಿ ಎರಡನೆಯವರನ್ನು ಸಂಶಯದಿಂದ ನೋಡುವುದು ಬಹುಜನರ ಪ್ರವೃತ್ತಿ. ಇದಕ್ಕೆ ವಿರುದ್ಧವಾಗಿ, ಎರಡನೆಯವರನ್ನು ಮೆಚ್ಚಿ ಮೊದಲಿನವರದು ಮತೀಯ ಹಟವೆಂದು ಮೂಗುಮುರಿಯುವ ವಿದ್ವಾಂಸರೂ ಇದ್ದಾರೆ. ಎರಡೂ ಕಡೆಯವರು ನೋಡುತ್ತಿರುವುದು ಹಾಡನ್ನು. ಹಾಡನ್ನು ಬದಿಗಿಟ್ಟು ಆಜ್ಞೆಯನ್ನು ನೋಡಿದರೆ ಎರಡು ಪ್ರಸಂಗಗಳಲ್ಲಿಯೂ ಕಾಣುವುದು ಒಂದೇ: ಇತರರಿಗೆ ಅಡ್ಡಿಯುಂಟುಮಾಡದೆ ತನ್ನ ಪಾಡಿಗೆ ಇದ್ದವನ ಬಾಯಿಯನ್ನು ಒಬ್ಬ ಅಧಿಕಾರಿ ಮುಚ್ಚಿಸಲೋ ತೆರೆಸಲೋ ಹೊರಟದ್ದು. 1938ರ ವಿದ್ಯಾರ್ಥಿಗಳು ನಿಲಯದಲ್ಲಿರುವವರೆಲ್ಲರೂ ತಮ್ಮ ಜೊತೆಗೆ ಹಾಡಬೇಕೆಂದು ಮುಷ್ಕರ ಹೂಡಿದ್ದರೆ ಅವರ ಪಕ್ಷ ಆ ಕ್ಷಣಕ್ಕೇ ಬಿದ್ದುಹೋಗುತ್ತಿತ್ತು. ಹಾಡಿಗಾಗಿ ಏಟು ತಿಂದವರ ಹೆಸರು ಹೇಳಿ ಅದೇ ಹಾಡನ್ನು ಇನ್ನೊಬ್ಬನ ಬಾಯಲ್ಲಿ ಬಲವಂತವಾಗಿ ಹಾಡಿಸಲು ಹೊರಡುವವರು ಏಟು ತಿಂದವರ ಸಾಲಿನಲ್ಲಿ ನಿಲ್ಲುವುದಿಲ್ಲ. ಆಜ್ಞೆ ಹೊರಡಿಸಿದವರ ಸಾಲಿನಲ್ಲಿ ನಿಲ್ಲುತ್ತಾರೆ.

ಶ್ರದ್ಧೆಯ ಪ್ರಾಮಾಣ್ಯಕ್ಕೆ ಇನ್ನೊಂದು ಒರೆಗಲ್ಲುಂಟು: ಅದಕ್ಕಾಗಿ ತೆತ್ತ ಬೆಲೆಯನ್ನು ಯಾರು ತೆತ್ತರು ಎಂಬುದು. ನಗರದ ವಿದ್ಯಾರ್ಥಿಗಳು ತೆತ್ತದ್ದು ತಮ್ಮ ಓದನ್ನು. ಉರ್ದುವಿನಲ್ಲಿ ಕಲಿತವರಿಗೆ ಸಂಸ್ಥಾನದ ಹೊರಗೆ ಸೀಟು ಸಿಗುವುದು ಸುಲಭವಾಗಿರಲಿಲ್ಲ. ಕೊನೆಗೆ ಬಾಗಿಲು ತೆರೆದದ್ದು ನಾಗಪುರ ವಿಶ್ವವಿದ್ಯಾಲಯ. ಅಲ್ಲಿನ ಉಪಕುಲಪತಿ ಟಿ. ಜೆ. ಕೇದಾರರು ಈ ನಿರಾಶ್ರಿತ ವಿದ್ಯಾರ್ಥಿಗಳನ್ನು ಸೇರಿಸಿಕೊಂಡರು. ಮುಂದೆ ದೇಶದ ಪ್ರಧಾನಮಂತ್ರಿಯಾದ ಪಿ. ವಿ. ನರಸಿಂಹರಾಯರು ಈ ಚಳವಳಿಯಲ್ಲಿದ್ದು, ಅನಂತರ ನಾಗಪುರದಲ್ಲಿಯೇ ಕಾನೂನು ಓದಿದವರು. ಕಾಜೀಪೇಟೆಯಿಂದ ಬಲ್ಲಾರಶಾಹದವರೆಗಿನ ರೈಲುದಾರಿ ಪೂರ್ತಿಯಾಗಿ ಆಗ ಹತ್ತು ವರ್ಷಗಳಷ್ಟೇ ಆಗಿದ್ದವು. ನಾಗಪುರಕ್ಕೆ ನೇರ ಹಾದಿ ಅದೇ.

ಅವರು ಬಿಟ್ಟುಹೋದಾಗ ಆರ್ಟ್ಸ್ ಕಾಲೇಜಿನ ಭವ್ಯ ಕಟ್ಟಡವು ಇನ್ನೂ ಏಳುತ್ತಿತ್ತು. 1939ರ ಡಿಸೆಂಬರ್ 4ರಂದು ನಿಜಾಮರು ಅದನ್ನು ಉದ್ಘಾಟಿಸಿದ ದಿನ ಹೆಸರು ಕಳೆದುಕೊಂಡ ಆ ಹುಡುಗರಲ್ಲಿ ಅನೇಕರು ನಾಗಪುರದಲ್ಲಿ, ಇಂಗ್ಲಿಷಿನಲ್ಲಿ, ಪಾಠಗಳನ್ನು ಮೊದಲಿನಿಂದ ಕಲಿಯುತ್ತಿದ್ದರು.