ಎರಡು ಕನ್ನಡಿ, ಒಂದು ಬಿಳಿಬಟ್ಟೆ

ಕತ್ತಲು ತುಂಬಿದ ಸ್ಟುಡಿಯೊ. ಮೇಲಿನಿಂದ ಓರೆಯಾಗಿ ನೆಲಕ್ಕಿಳಿದ ಬೆಳಕಿನ ಒಂದೇ ಒಂದು ಕೋಲು. ಒಂದು ಕಡೆ ಗುರುದತ್, ಇನ್ನೊಂದು ಕಡೆ ವಹೀದಾ ರೆಹಮಾನ್. 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಹಾಡೊಂದರ ಈ ದೃಶ್ಯವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಅದನ್ನು ಸೆರೆಹಿಡಿದವರು ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ.

ಸ್ಟುಡಿಯೊದ ದೀಪ ಎಷ್ಟೇ ದೊಡ್ಡದಿರಲಿ, ಅದರ ಬೆಳಕು ದೂರ ಹೋದಂತೆ ಬೀಸಣಿಗೆಯಂತೆ ಅಗಲವಾಗುತ್ತದೆ. ಬಹುದೂರದಿಂದ ಬರುವ ಸೂರ್ಯನ ಕಿರಣಗಳು ಮಾತ್ರ ಹಾಗೆ ಹರಡದೆ ಒಂದೇ ನೇರದಲ್ಲಿ ಸಾಗುತ್ತವೆ. ಹಾಗಾಗಿ ಮೂರ್ತಿಯವರು ಬಿಸಿಲನ್ನೇ ಒಳಗೆ ಕರೆತಂದರು. ದೊಡ್ಡ ಕನ್ನಡಿಯೊಂದನ್ನು ಹೊರಗೆ ಬಿಸಿಲಿಗೆ ಹಿಡಿದು, ಅಲ್ಲಿಂದ ಹೊಮ್ಮಿದ ಬೆಳಕನ್ನು ಒಳಗೆ ಎತ್ತರದಲ್ಲಿಟ್ಟ ಮತ್ತೊಂದು ಕನ್ನಡಿಗೆ ಬೀಳಿಸಿ ಕೆಳಕ್ಕೆ ತಿರುಗಿಸಿದರು. ಕಿರಣ ಕಣ್ಣಿಗೆ ಕಾಣುವಂತೆ ಗಾಳಿಯಲ್ಲಿ ತುಸು ಹೊಗೆ ಆಡಿಸಿದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರದ ಅತ್ಯಂತ ಹೆಸರಾದ ದೃಶ್ಯ ಹುಟ್ಟಿದ್ದು ಎರಡು ಕನ್ನಡಿಗಳಿಂದ.

ಇಂದು ‘ಸಿನಿಮ್ಯಾಟಿಕ್ ವಿಡಿಯೊ’ ಎಂಬ ಮಾತು ಊರೂರಿನ ಫೋಟೊ ಸ್ಟುಡಿಯೊಗಳ ಬೋರ್ಡಿನ ಮೇಲೂ ಕಾಣುತ್ತದೆ. ಮದುವೆ, ಗೃಹಪ್ರವೇಶ, ಅಂಗಡಿಯ ಜಾಹೀರಾತು, ಕಾಲೇಜಿನ ಕಿರುಚಿತ್ರ ಎಲ್ಲವೂ ಸಿನಿಮಾದಂತೆ ಕಾಣಬೇಕು. ಅದಕ್ಕಾಗಿ ಲಕ್ಷಗಟ್ಟಲೆ ಹಣ ಸುರಿದು ಕ್ಯಾಮೆರಾ ಕೊಂಡವರಿದ್ದಾರೆ. ಕೊಂಡ ಮೇಲೂ ತಮ್ಮ ವಿಡಿಯೊ ಹಳೆಯ ಹಾಗೆಯೇ ಕಾಣುತ್ತಿದೆಯಲ್ಲ ಎಂದು ಬೇಸರಪಟ್ಟವರೂ ಇದ್ದಾರೆ. ಸಿನಿಮಾದ ಆ ಮೆರುಗು ನಿಜಕ್ಕೂ ಎಲ್ಲಿಂದ ಬರುತ್ತದೆ?

ಸೆಕೆಂಡಿಗೆ ಇಪ್ಪತ್ತನಾಲ್ಕು

ಮೊದಲನೆಯದು ಚಲನೆಯ ಲೆಕ್ಕ. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರಿಂದ ವೇಗ ಒಂದೇ ಸಮ ಇರುತ್ತಿರಲಿಲ್ಲ. 1920ರ ದಶಕದ ಕೊನೆಗೆ ಟಾಕಿ ಬಂತು. ಮಾತು ಏರುಪೇರಾಗದೆ ಕೇಳಬೇಕಾದರೆ ಫಿಲ್ಮ್ ಒಂದೇ ವೇಗದಲ್ಲಿ ಓಡಬೇಕು. ಆಗ ಗಟ್ಟಿಯಾದದ್ದೇ ಸೆಕೆಂಡಿಗೆ 24 ಫ್ರೇಮ್. ಸುಮಾರು ನೂರು ವರ್ಷಗಳಿಂದ ಚಿತ್ರಮಂದಿರದಲ್ಲಿ ನಮ್ಮ ಕಣ್ಣು ಪಳಗಿರುವುದು ಈ ವೇಗಕ್ಕೆ.

ಟಿ.ವಿ.ಯ ವಿಡಿಯೊ ಕ್ಯಾಮೆರಾದ ಲೆಕ್ಕ ಬೇರೆ. ನಮ್ಮ ದೇಶದ ಹಳೆಯ ಟಿ.ವಿ. ಪದ್ಧತಿಯಲ್ಲಿ ಸೆಕೆಂಡಿಗೆ 50 ಅರೆಚಿತ್ರಗಳು ಪರದೆಗೆ ಬರುತ್ತಿದ್ದವು. ಅದರಿಂದ ಚಲನೆ ಅತಿ ನುಣುಪಾಗಿ, ಎದುರಿಗೇ ನಡೆಯುತ್ತಿರುವಂತೆ ಕಾಣುತ್ತಿತ್ತು. ಕ್ರಿಕೆಟ್ಟಿಗೆ, ವಾರ್ತೆಗೆ ಅದು ಚೆನ್ನ. ಕಥೆಗೆ ಬೇಕಾದ ಒಂದಿಷ್ಟು ದೂರ, ಕನಸಿನ ಒಂದಿಷ್ಟು ಪರದೆ ಅದರಲ್ಲಿ ಇರುವುದಿಲ್ಲ. ಧಾರಾವಾಹಿಗೂ ಸಿನಿಮಾಕ್ಕೂ ಏನೋ ವ್ಯತ್ಯಾಸವಿದೆ ಎಂದು ಬಾಯಲ್ಲಿ ಹೇಳಲಾಗದಿದ್ದರೂ ಕಣ್ಣು ಗುರುತಿಸುತ್ತಿದ್ದುದಕ್ಕೆ ಇದೊಂದು ಮುಖ್ಯ ಕಾರಣ.

ಎರಡನೆಯದು ಶಟರ್. ಫಿಲ್ಮ್ ಕ್ಯಾಮೆರಾದೊಳಗೆ ಅರ್ಧಚಂದ್ರಾಕಾರದ ಬಿಲ್ಲೆಯೊಂದು ತಿರುಗುತ್ತಿರುತ್ತದೆ. ಅರ್ಧ ಸುತ್ತು ಬೆಳಕು ಒಳಗೆ, ಅರ್ಧ ಸುತ್ತು ಕತ್ತಲೆ. ಛಾಯಾಗ್ರಾಹಕರು ಇದನ್ನು ‘180 ಡಿಗ್ರಿ ಶಟರ್’ ಎನ್ನುತ್ತಾರೆ. 24 ಫ್ರೇಮ್ ವೇಗದಲ್ಲಿ ಪ್ರತಿ ಫ್ರೇಮಿಗೂ ಸೆಕೆಂಡಿನ 48ನೇ ಒಂದು ಭಾಗದಷ್ಟು ಬೆಳಕು ಸಿಗುತ್ತದೆ. ಅಷ್ಟರಲ್ಲಿ ಬೀಸಿದ ಕೈ, ಹಾರಿದ ಸೆರಗು ತುಸು ಮಸುಕಾಗುತ್ತದೆ. ಆ ಮಸುಕೇ ಒಂದು ಫ್ರೇಮನ್ನು ಮುಂದಿನದಕ್ಕೆ ಬೆಸೆಯುತ್ತದೆ.

ಮೊಬೈಲಿನಲ್ಲಿ ಕೆಡುವುದು ಇಲ್ಲಿಯೇ. ಬಹುತೇಕ ಮೊಬೈಲ್ ಲೆನ್ಸಿನ ರಂಧ್ರವನ್ನು ಕಿರಿದು ಮಾಡಲು ಬರುವುದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಬೆಳಕು ಉಕ್ಕಿ ಬಂದಾಗ ಮೊಬೈಲು ಶಟರನ್ನು ಸೆಕೆಂಡಿನ ಎಂಟು ಸಾವಿರದಲ್ಲಿ ಒಂದು ಭಾಗದಷ್ಟು ಚುರುಕು ಮಾಡಿಬಿಡುತ್ತದೆ. ಮಸುಕು ಪೂರ್ತಿ ಮಾಯವಾಗಿ, ನಡೆಯುವವರು ಕುಕ್ಕಿ ಕುಕ್ಕಿ ನಡೆದಂತೆ ಕಾಣುತ್ತಾರೆ. ಮದ್ದು ಸರಳ: ಲೆನ್ಸಿಗೆ ತಂಪು ಕನ್ನಡಕದಂತೆ ತೊಡಿಸುವ ಎನ್‌ಡಿ ಫಿಲ್ಟರ್. ಅದು ಬಣ್ಣ ಕೆಡಿಸದೆ ಬೆಳಕನ್ನಷ್ಟೇ ತಗ್ಗಿಸುತ್ತದೆ.

ನಮ್ಮೂರಿನ ವಿದ್ಯುತ್ತಿಗೂ ಇದರಲ್ಲಿ ಪಾತ್ರವಿದೆ. ಭಾರತದ ಕರೆಂಟು 50 ಹರ್ಟ್ಸ್. ಅದರಿಂದ ಉರಿಯುವ ಹಳೆಯ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಶಟರ್ ಇದಕ್ಕೆ ತಾಳೆಯಾಗದಿದ್ದರೆ ವಿಡಿಯೊದಲ್ಲಿ ಕಪ್ಪು ಪಟ್ಟಿಗಳು ಮೇಲೆ ಕೆಳಗೆ ಓಡುತ್ತವೆ. ಕಲ್ಯಾಣ ಮಂಟಪದಲ್ಲಿ ಪಳಗಿದವರು 25 ಫ್ರೇಮ್ ಇಟ್ಟು ಶಟರನ್ನು 50ನೇ ಒಂದು ಭಾಗಕ್ಕೆ ಕಟ್ಟಿಹಾಕುವುದು ಈ ಕಾರಣಕ್ಕೆ.

ಬೆನಾರಸಿನ ಅಂಗಳ, ಕಲ್ಕತ್ತೆಯ ಬಟ್ಟೆ

ಇಷ್ಟೆಲ್ಲ ಲೆಕ್ಕ ಸರಿಯಿದ್ದರೂ ಬೆಳಕು ಕೆಟ್ಟರೆ ಎಲ್ಲವೂ ಕೆಟ್ಟಂತೆ. 1956ರ ‘ಅಪರಾಜಿತೊ’ ಚಿತ್ರಕ್ಕಾಗಿ ಸತ್ಯಜಿತ್ ರಾಯ್ ಬೆನಾರಸಿನ ಮನೆಯ ಅಂಗಳವನ್ನು ಕಲ್ಕತ್ತೆಯ ಸ್ಟುಡಿಯೊದಲ್ಲಿ ಕಟ್ಟಿಸಿದರು. ನಿಜವಾದ ಅಂಗಳಕ್ಕೆ ಬೆಳಕು ತೆರೆದ ಆಕಾಶದಿಂದ ಇಳಿಯುತ್ತದೆ. ಅದಕ್ಕೆ ಗಟ್ಟಿ ನೆರಳಿಲ್ಲ. ಸ್ಟುಡಿಯೊದ ದೀಪವನ್ನು ನೇರವಾಗಿ ಹಚ್ಚಿದರೆ ಪ್ರತಿ ಪಾತ್ರದ ಬೆನ್ನಿಗೂ ಎರಡು ಮೂರು ನೆರಳು. ಛಾಯಾಗ್ರಾಹಕ ಸುಬ್ರತ ಮಿತ್ರ ಅಂಗಳದ ಮೇಲೆ ಬಿಳಿಬಟ್ಟೆ ಬಿಗಿಸಿ, ಕೆಳಗಿನಿಂದ ದೀಪಗಳನ್ನು ಅದಕ್ಕೆ ಹಾಯಿಸಿದರು. ಬಟ್ಟೆಗೆ ಬಡಿದು ಮರಳಿದ ಬೆಳಕು ಮೋಡದ ದಿನದ ಆಕಾಶದಂತೆ ಮೆತ್ತಗೆ ಇಳಿಯಿತು. ಅದಕ್ಕೂ ಮೊದಲು, ರಾಯ್ ಅವರ ‘ಪಥೇರ್ ಪಾಂಚಾಲಿ’ಗೆ ಕೆಲಸ ಶುರುಮಾಡುವವರೆಗೆ ಮಿತ್ರ ಚಲನಚಿತ್ರ ಕ್ಯಾಮೆರಾವನ್ನು ನಡೆಸಿದವರೇ ಅಲ್ಲ.

ಅದೇ ಬಿಳಿಬಟ್ಟೆ ಇಂದಿನ ಶೂಟಿಂಗ್ ಸ್ಥಳಗಳಲ್ಲಿ ಥರ್ಮಾಕೋಲ್ ಹಲಗೆಯಾಗಿ, ಬೆಳಕು ಸೋಸುವ ಸ್ಕಿಮ್ಮರ್ ಬಟ್ಟೆಯಾಗಿ ಬದುಕಿದೆ. ಸಹಾಯಕನೊಬ್ಬ ಥರ್ಮಾಕೋಲ್ ಹಿಡಿದು ನಟಿಯ ಕೆನ್ನೆಯ ಕಡೆಗೆ ತುಸು ಓರೆ ಮಾಡಿ ನಿಂತಿರುವುದನ್ನು ಹೊರಾಂಗಣ ಚಿತ್ರೀಕರಣ ನೋಡಿದವರೆಲ್ಲ ಕಂಡಿರುತ್ತಾರೆ. ಮುಖದ ಒಂದು ಬದಿಗೆ ಮುಖ್ಯ ಬೆಳಕು, ಇನ್ನೊಂದು ಬದಿಯ ನೆರಳನ್ನು ತುಸುವೇ ತಿಳಿಯಾಗಿಸುವ ಮರುಬೆಳಕು, ತಲೆ–ಭುಜದ ಅಂಚನ್ನು ಹಿನ್ನೆಲೆಯಿಂದ ಬಿಡಿಸಿ ತೋರಿಸುವ ಹಿಂಬೆಳಕು: ಈ ಮೂರರ ಹದ ಸಿಕ್ಕಿತೆಂದರೆ ಅರ್ಧ ವಿದ್ಯೆ ಕೈವಶವಾದ ಹಾಗೆ.

ಮದುವೆ ವಿಡಿಯೊಗಳು ಸೋಲುವುದು ಬಹಳ ಸಲ ಬೆಳಕು ಕಡಿಮೆಯಾಗಿ ಅಲ್ಲ, ಹೆಚ್ಚಾಗಿ. ಕ್ಯಾಮೆರಾದ ನೆತ್ತಿಯ ಮೇಲೆ ಕೂತ ದೀಪ ವಧುವಿನ ಮುಖವನ್ನು ಚಪ್ಪಟೆ ಮಾಡುತ್ತದೆ. ಮೇಲಾಗಿ ಬಣ್ಣಗಳ ಜಗಳ ಬೇರೆ. ಬೆಳಕಿನ ಬಣ್ಣದ ಅಳತೆಯಲ್ಲಿ ಹಳದಿ ಬಲ್ಬು ಸುಮಾರು 3200 ಕೆಲ್ವಿನ್, ಕಿಟಕಿಯಿಂದ ಬರುವ ಹಗಲು ಸುಮಾರು 5600. ನಡುವೆ ಹಸಿರು ಛಾಯೆಯ ಟ್ಯೂಬ್‌ಲೈಟ್, ವೇದಿಕೆಯ ನೇರಳೆ ಎಲ್‌ಇಡಿ. ಒಂದೇ ಮುಖದ ಮೇಲೆ ನಾಲ್ಕು ಬಣ್ಣ ಬಿದ್ದರೆ ಯಾವ ಎಡಿಟಿಂಗ್ ಟೇಬಲ್ಲೂ ಅದನ್ನು ಪೂರ್ತಿ ಸರಿಪಡಿಸಲಾರದು. ಅಂತರಪಟ ಸರಿಯುವ ಆ ಒಂದು ಕ್ಷಣಕ್ಕಾದರೂ ಬೇಡದ ದೀಪ ಆರಿಸಿ, ಒಂದೇ ಕಡೆಯಿಂದ ಮೆತ್ತನೆ ಬೆಳಕು ಬರುವಂತೆ ಮಾಡಿದರೆ ಜೀರಿಗೆ–ಬೆಲ್ಲ ಹಿಡಿದ ಕೈಯ ನಡುಕ ಕೂಡ ಚಿತ್ರದಲ್ಲಿ ಉಳಿಯುತ್ತದೆ.

ಮಸುಕು ಮಾಡಿದ್ದೆಲ್ಲ ಸಿನಿಮಾ ಅಲ್ಲ

ಹಿನ್ನೆಲೆಯನ್ನು ಮಸುಕು ಮಾಡುವುದೇ ಸಿನಿಮಾದ ಗುರುತು ಎಂಬ ನಂಬಿಕೆ ಇತ್ತೀಚೆಗೆ ಬೇರೂರಿದೆ. 2008ರಲ್ಲಿ ಕ್ಯಾನನ್ ಕಂಪನಿಯ 5ಡಿ ಮಾರ್ಕ್ 2 ಬಂದಾಗಿನಿಂದ ಈ ಗೀಳು ಹಬ್ಬಿತು. 36x24 ಮಿಲಿಮೀಟರಿನ ದೊಡ್ಡ ಸೆನ್ಸರಿನಲ್ಲಿ ಹೈ-ಡೆಫಿನಿಷನ್ ವಿಡಿಯೊ ತೆಗೆಯುವ ಸ್ಟಿಲ್ ಕ್ಯಾಮೆರಾ ಅದು. ಸಿನಿಮಾ ಕ್ಯಾಮೆರಾದಲ್ಲಿ ಹೆಚ್ಚಾಗಿ ಸಿಗುತ್ತಿದ್ದ ಮಸುಕು ಸಣ್ಣ ತಂಡಗಳ ಕೈಗೂ ಎಟುಕಿತು. ಒಳ್ಳೆಯದೇ ಆಯಿತು. ಆದರೆ 1941ರ ‘ಸಿಟಿಜನ್ ಕೇನ್’ ಚಿತ್ರದಲ್ಲಿ ಗ್ರೆಗ್ ಟೋಲಂಡ್ ಮಾಡಿದ್ದು ಇದಕ್ಕೆ ತದ್ವಿರುದ್ಧ: ಹತ್ತಿರದ ಮುಖದಿಂದ ದೂರದ ಕಿಟಕಿಯವರೆಗೆ ಎಲ್ಲವನ್ನೂ ಸ್ಪಷ್ಟವಾಗಿ ಹಿಡಿದರು. ಇಂದಿಗೂ ಜಗತ್ತಿನ ಚಿತ್ರಶಾಲೆಗಳು ಅದನ್ನು ಪಾಠವಾಗಿ ತೋರಿಸುತ್ತವೆ. ಎದುರಿನ ವ್ಯಕ್ತಿಯ ಮನಸ್ಸು ಮುಖ್ಯವಾದಾಗ ಹಿನ್ನೆಲೆ ಮಸುಕಾಗಲಿ. ಆತ ನಿಂತಿರುವ ಊರೂ ಕಥೆಯ ಪಾತ್ರವಾದಾಗ ಊರು ಕಾಣಬೇಕು. ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ, ಅಲ್ಲಿನ ಜನರನ್ನೇ ನಟರನ್ನಾಗಿಸಿ ತೆಗೆದ ರಾಮ್ ರೆಡ್ಡಿಯವರ ‘ತಿಥಿ’ ಚಿತ್ರದಿಂದ ಹಳ್ಳಿಯನ್ನು ಅಳಿಸಿದರೆ ಉಳಿಯುವುದೇನು?

ಬಣ್ಣದ ಕೆಲಸ ಕೊನೆಯಲ್ಲಿ ಬರುತ್ತದೆ. ಚಿತ್ರರಂಗದವರು ಅದನ್ನು ‘ಡಿಐ’ (ಡಿಜಿಟಲ್ ಇಂಟರ್ಮೀಡಿಯೆಟ್) ಎಂದು ಕರೆಯುತ್ತಾರೆ. 2000ದ ‘ಓ ಬ್ರದರ್, ವೇರ್ ಆರ್ಟ್ ದೌ?’ ಚಿತ್ರದಲ್ಲಿ ರೋಜರ್ ಡೀಕಿನ್ಸ್ ಮಿಸಿಸಿಪ್ಪಿಯ ಹಚ್ಚಹಸಿರು ಬೇಸಿಗೆಯನ್ನು ಕಂಪ್ಯೂಟರಿನಲ್ಲಿ ಒಣಗಿದ ಹೊಂಬಣ್ಣಕ್ಕೆ ತಿರುಗಿಸಿದರು. ಇಡೀ ಚಿತ್ರದ ಬಣ್ಣವನ್ನು ಡಿಜಿಟಲ್ ಆಗಿ ತಿದ್ದಿದ ಮೊದಲಿಗರಲ್ಲಿ ಅವರೂ ಒಬ್ಬರು. ಹೀಗೆ ತಿದ್ದಲು ಚಿತ್ರದಲ್ಲಿ ಸರಕು ಇರಬೇಕು. ಸಾಮಾನ್ಯ 8 ಬಿಟ್ ವಿಡಿಯೊದಲ್ಲಿ ಕೂಡಬಹುದಾದ ಬಣ್ಣಗಳು ಸುಮಾರು 1.67 ಕೋಟಿ, 10 ಬಿಟ್‌ನಲ್ಲಿ 107 ಕೋಟಿ. ಸಂಜೆಯ ಆಕಾಶ ಮೆಟ್ಟಿಲು ಮೆಟ್ಟಿಲಾಗಿ ಒಡೆಯುವುದೋ, ನಯವಾಗಿ ಕರಗುವುದೋ ಎಂಬುದು ಈ ಲೆಕ್ಕದ ಮೇಲೆ ನಿಂತಿದೆ.

ಬೆಂಗಳೂರಿನ ಬೇರು

ಈ ವಿದ್ಯೆಯನ್ನು ತರಗತಿಯಲ್ಲಿ ಕಲಿಸುವ ಕೆಲಸ ದೇಶದಲ್ಲಿ ಬಹು ಮೊದಲೇ ಶುರುವಾದ ಊರುಗಳಲ್ಲಿ ಬೆಂಗಳೂರೂ ಒಂದು. ವಿ.ಕೆ. ಮೂರ್ತಿ ಇಲ್ಲಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಡಿಪ್ಲೊಮಾ ಮುಗಿಸಿದ್ದು 1946ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬರುವ ಮೊದಲೇ. ಗೋವಿಂದ ನಿಹಲಾನಿ ಓದಿದ್ದೂ ಅಲ್ಲಿಯೇ. ಮುಂದೆ ಮೂರ್ತಿಯವರ ಸಹಾಯಕರಾಗಿ ಪಳಗಿ, ಗಿರೀಶ ಕಾರ್ನಾಡರ ‘ಕಾಡು’ ಚಿತ್ರಕ್ಕೆ ಕ್ಯಾಮೆರಾ ಹಿಡಿದರು. ಆ ಪಾಲಿಟೆಕ್ನಿಕ್‌ನ ಸಿನಿಮಾ ಶಿಕ್ಷಣದ ಬಳ್ಳಿ ಇಂದು ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಲ್ಲಿ ಮುಂದುವರಿದಿದೆ.

ಕನ್ನಡದ ಹೊಸ ಅಲೆ ಹಣವಿಲ್ಲದೆಯೂ ಕಣ್ಣಿಗೆ ಕಟ್ಟುವಂತೆ ಚಿತ್ರ ತೆಗೆಯಬಹುದೆಂದು ತೋರಿಸಿಕೊಟ್ಟಿತು. 1970ರ ‘ಸಂಸ್ಕಾರ’ಕ್ಕೆ ಆಸ್ಟ್ರೇಲಿಯಾದ ಟಾಮ್ ಕೋವನ್ ತುಂಗೆಯ ದಂಡೆಯ ಅಗ್ರಹಾರವನ್ನು ಕಪ್ಪು ಬಿಳುಪಿನಲ್ಲಿ ಹಿಡಿದರು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ ಎಸ್. ರಾಮಚಂದ್ರ ಮಲೆನಾಡಿನ ಮನೆಯೊಳಗಿನ ಮಬ್ಬನ್ನು ಕಾಪಾಡಿಕೊಂಡರು. ದೀಪ ಹಚ್ಚಿ ಅದನ್ನು ಓಡಿಸಲಿಲ್ಲ. 1977ರ ಆ ಚಿತ್ರದ ಹೊಸದಾಗಿ ಜೀರ್ಣೋದ್ಧಾರಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಪರದೆಯೇರಿತು. ಆಗುಂಬೆಯಲ್ಲಿ ಶಂಕರನಾಗ್ ತೆಗೆದ ‘ಮಾಲ್ಗುಡಿ ಡೇಸ್’ನ ಕ್ಯಾಮೆರಾ ಹಿಂದೆ ಇದ್ದವರೂ ಇದೇ ರಾಮಚಂದ್ರ. ಕಾಸರವಳ್ಳಿಯವರ ‘ದ್ವೀಪ’ದಲ್ಲಿ ಮಳೆಯನ್ನೇ ಪಾತ್ರವಾಗಿಸಿದ ಎಚ್.ಎಂ. ರಾಮಚಂದ್ರ ಅವರಿಗೆ ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿ ಬಂತು.

ಹೊಸ ತಲೆಮಾರು ಈ ದಾರಿಯನ್ನು ಬಿಟ್ಟಿಲ್ಲ. ಮೈಸೂರಿನ ಚಿದಾನಂದ ನಾಯ್ಕ ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿದ್ದಾಗ ನಾಲ್ಕೇ ದಿನಗಳಲ್ಲಿ ತೆಗೆದ ಕನ್ನಡ ಕಿರುಚಿತ್ರಕ್ಕೆ 2024ರ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಸಿಕ್ಕಿತು. ಮುದುಕಿಯೊಬ್ಬಳು ಊರಿನ ಹುಂಜ ಕದ್ದು, ಸೂರ್ಯನೇ ಹುಟ್ಟದಂತಾಗುವ ಜನಪದ ಕಥೆ. ಇರುಳಿನ ಕಥೆ ಕತ್ತಲಲ್ಲಿಯೇ ಅರಳಿತು.

ಸಲಕರಣೆ ಸಣ್ಣದೆಂದು ಅಂಜುವ ಕಾಲವೂ ಹೋಯಿತು. ಅಮೆರಿಕದ ಶಾನ್ ಬೇಕರ್ 2015ರಲ್ಲಿ ತೆರೆಕಂಡ ‘ಟ್ಯಾಂಜರೀನ್’ ಎಂಬ ಪೂರ್ಣಪ್ರಮಾಣದ ಚಿತ್ರವನ್ನು ಐಫೋನ್ 5ಎಸ್‌ನಲ್ಲಿ ತೆಗೆದರು. ಫೋನಿನ ಲೆನ್ಸಿನ ಮುಂದೆ ಅವರು ಕೂರಿಸಿದ್ದು ಅಗಲ ಪರದೆಯ ಚಿತ್ರ ಕೊಡುವ ಪುಟ್ಟ ಅನಾಮಾರ್ಫಿಕ್ ಲೆನ್ಸ್. ಮೂರ್ತಿಯವರ ಸಿನಿಮಾಸ್ಕೋಪಿನ ಹಿಂದೆ ಇದ್ದದ್ದೂ ಅದೇ ತತ್ವ. ಬೇಕರ್ ತಂಡ ದುಡ್ಡು, ಗಮನ ಎರಡನ್ನೂ ಕೊಟ್ಟ ಇನ್ನೊಂದು ಸಂಗತಿ ಧ್ವನಿ. ನಟರ ಮಾತನ್ನು ಫೋನಿನಲ್ಲಿ ಹಿಡಿಯದೆ ಬೇರೆ ಮೈಕುಗಳಲ್ಲಿ ಹಿಡಿದರು. ಮಸುಕಾದ ಚಿತ್ರವನ್ನು ಪ್ರೇಕ್ಷಕ ಸಹಿಸುತ್ತಾನೆ; ಕೇಳಿಸದ ಮಾತನ್ನು ಸಹಿಸುವುದಿಲ್ಲ. ಮೊದಲ ಕಿರುಚಿತ್ರ ಮಾಡುವವರು ಕ್ಯಾಮೆರಾಕ್ಕಿಂತ ಮುಂಚೆ ಒಂದು ಕಾಲರ್ ಮೈಕು ಕೊಳ್ಳುವುದು ಜಾಣತನ.

2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ವಿ.ಕೆ. ಮೂರ್ತಿಯವರಿಗೆ ಬಂದಾಗ, ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. 2014ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಕನ್ನಡಿ, ಬಿಳಿಬಟ್ಟೆಯ ಆ ಪಾಠವನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಈ ಲೇಖನ ಓದಿದವರ ಮನೆಯಲ್ಲಿ ಅಜ್ಜಿಯೋ ಅಜ್ಜನೋ ಇದ್ದರೆ, ಮುಂದಿನ ಭಾನುವಾರ ಬೆಳಿಗ್ಗೆ ಅವರನ್ನು ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಕೂರಿಸಿ. ಮನೆಯ ದೀಪಗಳನ್ನೆಲ್ಲ ಆರಿಸಿ. ಕಿಟಕಿಗೆ ಎದುರು ಬದಿಯಲ್ಲಿ ಕುರ್ಚಿಯ ಬೆನ್ನಿಗೆ ಒಂದು ಬಿಳಿ ಪಂಚೆ ಹರವಿ. ಫೋನನ್ನು ಅವರ ಕಣ್ಣಿನ ಎತ್ತರದಲ್ಲಿ ಅಲುಗಾಡದಂತೆ ಇಟ್ಟು, ಸಾಧ್ಯವಾದರೆ 25 ಫ್ರೇಮ್, 50ನೇ ಒಂದು ಭಾಗದ ಶಟರಿಗೆ ಹೊಂದಿಸಿ, ಫ್ಯಾನು ನಿಲ್ಲಿಸಿ. ಆಮೇಲೆ ಅವರ ಬಾಲ್ಯದ ಊರಿನ ಬಗ್ಗೆ ಒಂದು ಪ್ರಶ್ನೆ ಕೇಳಿ, ನಡುವೆ ಬಾಯಿ ಹಾಕದೆ ಹತ್ತು ನಿಮಿಷ ಅವರನ್ನು ಮಾತಾಡಲು ಬಿಡಿ.