ಹಕ್ಕಿಗಳಿಗೆ ಹಿತ್ತಿಲಿನ ಔತಣ

ಮನೆಯ ಅಂಗಳದಲ್ಲಿ ಒಂದು ಹಿಡಿ ಅಕ್ಕಿಯನ್ನು ಚೆಲ್ಲಿದರೆ ಅದನ್ನು ತಿನ್ನಲು ಯಾವ ಯಾವ ಹಕ್ಕಿಗಳು ಬರುತ್ತವೆ? ಮೊದಲು ಕಾಗೆ, ಅದರ ಬೆನ್ನಹಿಂದೆಯೇ ಪಾರಿವಾಳ, ಅದೃಷ್ಟವಿದ್ದರೆ ನಾಲ್ಕಾರು ಗುಬ್ಬಚ್ಚಿಗಳು. ಅದೇ ಹೊತ್ತಿನಲ್ಲಿ ಹಿತ್ತಿಲಿನ ದಾಸವಾಳದ ಗಿಡದಲ್ಲಿ ಸೂರಕ್ಕಿಯೊಂದು ತಲೆಕೆಳಗಾಗಿ ಜೋತುಬಿದ್ದು ಹೂವನ್ನು ಕುಟುಕುತ್ತಿರುತ್ತದೆ. ನಿಂಬೆಯ ಗಿಡದ ಎಲೆಗಳ ನಡುವೆ ಸಿಂಪಿಗವು ಎಡೆಬಿಡದೆ ಕೂಗುತ್ತ ಹಾರಾಡುತ್ತಿರುತ್ತದೆ. ಬೇಲಿಯ ಬುಡದಲ್ಲಿ ಮಡಿವಾಳ ಹಕ್ಕಿ ಬಾಲವನ್ನೆತ್ತಿ ಕುಪ್ಪಳಿಸುತ್ತಿರುತ್ತದೆ. ಇವುಗಳಲ್ಲಿ ಒಂದಾದರೂ ನಾವು ಚೆಲ್ಲಿದ ಅಕ್ಕಿಯತ್ತ ತಿರುಗಿ ನೋಡುವುದಿಲ್ಲ. ಇದಕ್ಕೆ ಕಾರಣವೇನು? ಈ ಚಿಕ್ಕ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದರೆ, ಹಕ್ಕಿಗಳನ್ನು ಮನೆಯ ಬಳಿಗೆ ಕರೆಯುವುದು ಹೇಗೆಂಬುದೂ, ಅವುಗಳಿಗೆ ಉಪಕಾರ ಮಾಡಹೊರಟು ಅಪಕಾರ ಮಾಡದಿರುವುದು ಹೇಗೆಂಬುದೂ ನಮಗೆ ತಿಳಿದುಬರುತ್ತವೆ.

ಕೊಕ್ಕು ಹೇಳುವ ಕಥೆ

ಹಕ್ಕಿಗೆ ಕೈಗಳಿಲ್ಲ, ಹಲ್ಲುಗಳೂ ಇಲ್ಲ. ಕೊಕ್ಕೇ ಅದರ ಕೈ, ಕೊಕ್ಕೇ ಅದರ ಕತ್ತರಿ, ಕೊಕ್ಕೇ ಅದರ ಚಿಮಟ. ಆದುದರಿಂದ ಕೊಕ್ಕಿನ ಆಕಾರವನ್ನು ನೋಡಿದೊಡನೆ ಹಕ್ಕಿಯ ಆಹಾರ ಯಾವುದೆಂದು ಬಹುಮಟ್ಟಿಗೆ ಊಹಿಸಬಹುದು. ಗುಬ್ಬಚ್ಚಿ ಮತ್ತು ರಾಟವಾಳಗಳ ಕೊಕ್ಕು ಮೊಟಕಾಗಿ, ದಪ್ಪವಾಗಿ, ಶಂಕುವಿನಂತೆ ಇರುತ್ತದೆ. ಕಾಳಿನ ಸಿಪ್ಪೆಯನ್ನು ಒಡೆಯುವುದಕ್ಕೆ ಇದು ತಕ್ಕ ಉಪಕರಣ. ಸೂರಕ್ಕಿಯ ಕೊಕ್ಕು ನೀಳವಾಗಿ, ತೆಳ್ಳಗೆ, ಬಾಗಿದ ಸೂಜಿಯಂತಿದೆ. ಅದರೊಳಗಿನ ನಾಲಗೆಯೂ ಕೊಳವೆಯಂತೆ ಸುರುಳಿಗೊಂಡಿರುವುದರಿಂದ ಹೂವಿನ ಆಳದಲ್ಲಿರುವ ಮಕರಂದವನ್ನು ಅದು ಹೀರಬಲ್ಲುದು. ಸಿಂಪಿಗದ ಕೊಕ್ಕು ಎಲೆಯ ಮಡಿಕೆಯಲ್ಲಿ ಅಡಗಿರುವ ಹುಳುವನ್ನು ಎತ್ತಿಕೊಳ್ಳುವ ಚಿಮಟದಂತಿದೆ. ಅತ್ತಿ, ಆಲಗಳ ಹಣ್ಣನ್ನು ನುಂಗುವ ಕುಟುರ ಹಕ್ಕಿಯ ಕೊಕ್ಕು ದೊಡ್ಡದಾಗಿಯೂ ಬಲವಾಗಿಯೂ ಇರುತ್ತದೆ.

ಹೀಗಿರುವಲ್ಲಿ, ಕೇವಲ ಕಾಳನ್ನು ಚೆಲ್ಲುವವನು ಊರಿಗೆಲ್ಲ ಔತಣವೆಂದು ಸಾರಿ ಒಂದೇ ಮನೆಯವರು ಉಣ್ಣುವ ಅಡಿಗೆಯನ್ನು ಮಾಡಿಸಿದವನಂತೆ ಆಗುತ್ತಾನೆ. ನಮ್ಮ ಹಿತ್ತಿಲುಗಳಿಗೆ ಬರಬಹುದಾದ ಹಕ್ಕಿಗಳಲ್ಲಿ ಕಾಳನ್ನೇ ನಂಬಿದವು ಕೆಲವು ಮಾತ್ರ. ಉಳಿದವುಗಳ ಆಹಾರ ಹುಳು, ಹಣ್ಣು ಮತ್ತು ಮಕರಂದ.

ಮರಿಗಳ ಊಟವೇ ಬೇರೆ

ಕಾಳು ತಿನ್ನುವ ಗುಬ್ಬಚ್ಚಿಗಾದರೂ ಕಾಳೊಂದೇ ಸಾಕೇ? ಸಾಲದು. ಬೆಳೆದ ಗುಬ್ಬಚ್ಚಿ ಕಾಳು ತಿಂದು ಬದುಕಬಹುದು. ಆದರೆ ಅದರ ಮರಿ ಬದುಕಲಾರದು. ಮೊಟ್ಟೆಯೊಡೆದು ಬಂದಾಗ ಮೈಮೇಲೆ ಗರಿಯೂ ಇಲ್ಲದ ಆ ಮರಿ ಸುಮಾರು ಎರಡು ವಾರಗಳಲ್ಲಿ ಅನೇಕ ಮಡಿ ಬೆಳೆದು ಗೂಡು ಬಿಟ್ಟು ಹಾರಬೇಕು. ಸ್ನಾಯು, ಗರಿ, ರಕ್ತ ಇವೆಲ್ಲ ಇಷ್ಟು ಶೀಘ್ರವಾಗಿ ಬೆಳೆಯಬೇಕಾದರೆ ಪ್ರೋಟೀನು ಯಥೇಚ್ಛವಾಗಿ ದೊರೆಯಬೇಕು. ಕಂಬಳಿಹುಳು, ಗಿಡಹೇನು, ಜೇಡ, ಎಳೆಯ ಮಿಡತೆ ಇವು ಮೃದುವಾಗಿವೆ. ಪ್ರೋಟೀನನ್ನೂ ನೀರನ್ನೂ ಒಟ್ಟಿಗೆ ಒದಗಿಸುತ್ತವೆ. ಆದುದರಿಂದಲೇ ತಾಯಿತಂದೆ ಗುಬ್ಬಚ್ಚಿಗಳು ಮರಿಗಳಿಗೆ ಮುಖ್ಯವಾಗಿ ಕೀಟಗಳನ್ನೇ ತಂದು ತಿನ್ನಿಸುತ್ತವೆ. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಷಯವನ್ನು ಸ್ಪಷ್ಟಪಡಿಸಿತು. ಕೀಟಗಳು ಸಾಲದೆ ಸಸ್ಯಮೂಲದ ಆಹಾರವನ್ನೇ ಹೆಚ್ಚಾಗಿ ಉಂಡ ಗೂಡುಗಳಲ್ಲಿ ಮರಿಗಳೆಲ್ಲವೂ ಸಾಯುವ ಸಂಭವ ಹೆಚ್ಚಾಗಿತ್ತು.

ಇನ್ನು ಪಾರಿವಾಳವನ್ನು ನೋಡೋಣ. ಅದು ಮರಿಗಳಿಗೆ ಹುಳುವನ್ನು ಹುಡುಕಿ ತರಬೇಕಾಗಿಲ್ಲ. ಅದರ ಗಂಟಲಿನ ಕೆಳಗಿರುವ ಮೇವುಚೀಲದ ಒಳಪೊರೆಯಿಂದ ಹಾಲಿನ ಗಿಣ್ಣದಂತಹ ಪೌಷ್ಟಿಕ ವಸ್ತುವೊಂದು ಉತ್ಪತ್ತಿಯಾಗುತ್ತದೆ. ಗಂಡುಹೆಣ್ಣುಗಳೆರಡೂ ಈ ‘ಹಾಲನ್ನು’ ಮರಿಗಳಿಗೆ ಉಣಿಸುತ್ತವೆ. ಕೇವಲ ಕಾಳನ್ನು ತಿಂದೇ ಪಾರಿವಾಳವು ತನ್ನ ಸಂತತಿಯನ್ನು ಬೆಳೆಸಬಲ್ಲುದು. ನಾವು ಪ್ರತಿದಿನವೂ ಸೇರುಗಟ್ಟಲೆ ಕಾಳನ್ನು ಚೆಲ್ಲಿದರೆ ಹೆಚ್ಚುವವು ಪಾರಿವಾಳಗಳೇ ಹೊರತು ಗುಬ್ಬಚ್ಚಿಗಳಲ್ಲ ಎಂಬುದಕ್ಕೆ ಇದೊಂದು ಮುಖ್ಯ ಕಾರಣ. 2020ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯು, ದೇಶದಲ್ಲಿ ಒಟ್ಟಾರೆ ಗುಬ್ಬಚ್ಚಿಗಳ ಸಂಖ್ಯೆ ಹೆಚ್ಚುಕಡಮೆ ಸ್ಥಿರವಾಗಿದ್ದರೂ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಇಳಿಮುಖವಾಗಿದೆಯೆಂದು ತಿಳಿಸಿತು. 2023ರ ವರದಿಯಲ್ಲಿ ಪಾರಿವಾಳವು ಏರುತ್ತಿರುವ ಹಕ್ಕಿಗಳ ಪಟ್ಟಿಯಲ್ಲಿತ್ತು. ನಗರದ ಗುಬ್ಬಚ್ಚಿಗೆ ಕಾಳಿನ ಕೊರತೆಗಿಂತ ಹುಳುವಿನ ಕೊರತೆ ಹೆಚ್ಚು ಕಠಿನ. ಕಾಂಕ್ರೀಟು ಹಾಸಿದ ಅಂಗಳದಲ್ಲಿ, ಕೀಟನಾಶಕ ಸಿಂಪಡಿಸಿದ ತೋಟದಲ್ಲಿ ಅದು ಮರಿಗೆ ಏನನ್ನು ತಂದು ಕೊಡಬೇಕು?

ಶೀತದೇಶ, ನಮ್ಮ ದೇಶ

ಹಕ್ಕಿಗಳಿಗೆ ಆಹಾರ ನೀಡುವ ವಿಧಾನಗಳನ್ನು ಕುರಿತ ಪುಸ್ತಕಗಳಲ್ಲಿ ಅನೇಕವು ಇಂಗ್ಲೆಂಡ್, ಅಮೆರಿಕ ಮೊದಲಾದ ಶೀತದೇಶಗಳಿಂದ ಬಂದವು. ಅಲ್ಲಿನ ಕಷ್ಟವೇ ಬೇರೆ. ಹಕ್ಕಿಯ ಮೈಯ ಉಷ್ಣತೆ ಸುಮಾರು 40ರಿಂದ 42 ಡಿಗ್ರಿ ಸೆಂಟಿಗ್ರೇಡ್. ದೇಹ ಚಿಕ್ಕದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಮೈಯ ಹೊರಮೈ ಹೆಚ್ಚು. ಹೊರಮೈ ಹೆಚ್ಚಾದಷ್ಟೂ ಶಾಖ ಬೇಗನೆ ಸೋರಿಹೋಗುತ್ತದೆ. ಹಿಮ ಬಿದ್ದು ಆಹಾರವೆಲ್ಲ ಮುಚ್ಚಿಹೋದಾಗ, ದೀರ್ಘವಾದ ಚಳಿಗಾಲದ ರಾತ್ರಿಯನ್ನು ಕಳೆಯುವುದು ಅಂಗೈಯಲ್ಲಿ ಹಿಡಿಸುವ ಹಕ್ಕಿಗೆ ಪ್ರಾಣಾಂತಿಕ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ ಚಿಕಡೀ ಎಂಬ ಚಿಕ್ಕ ಹಕ್ಕಿಗಳನ್ನು ಅಭ್ಯಸಿಸಿ 1988ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಬೀಜಗಳನ್ನು ಒದಗಿಸಿದ ಕಡೆ ಶೇಕಡ 69ರಷ್ಟು ಹಕ್ಕಿಗಳು ಚಳಿಗಾಲವನ್ನು ದಾಟಿದುವು. ಒದಗಿಸದ ಕಡೆ ಉಳಿದವು ಶೇಕಡ 37 ಮಾತ್ರ.

ನಮ್ಮಲ್ಲಿ ಹಿಮದ ಭಯವಿಲ್ಲ. ನಮ್ಮ ಹಕ್ಕಿಗಳ ಪರೀಕ್ಷೆಯ ಕಾಲವೆಂದರೆ ಮಾರ್ಚಿಯಿಂದ ಮೇ ತಿಂಗಳವರೆಗಿನ ಬೇಸಗೆ. ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಬಿಸಿಲಿನ ಝಳ ಹೆಚ್ಚಾದಾಗ ಅವು ಕೊಕ್ಕನ್ನು ತೆರೆದು ಏದುತ್ತವೆ. ಉಸಿರಿನೊಡನೆ ನೀರು ಆವಿಯಾಗಿ ಹೋಗಿ ಮೈ ತಂಪಾಗುತ್ತದೆ. ಹೀಗೆ ಹೋದ ನೀರನ್ನು ಮತ್ತೆ ತುಂಬಿಕೊಳ್ಳಲೇಬೇಕು. ಕೆರೆಕುಂಟೆಗಳು ಬತ್ತಿದ ನಗರದಲ್ಲಿ ಅದಕ್ಕೆ ದಾರಿ ಯಾವುದು? ಆದುದರಿಂದ ನಮ್ಮ ಹಿತ್ತಿಲಿನ ಔತಣದಲ್ಲಿ ಮೊದಲ ಸ್ಥಾನ ಕಾಳಿಗಲ್ಲ, ನೀರಿಗೆ ಸಲ್ಲಬೇಕು. ಕಾಳನ್ನೇ ನಂಬಿರದ ಮಡಿವಾಳ, ಪಿಕಳಾರ, ಹರಟೆಮಲ್ಲ, ಗೊರವಂಕಗಳೂ ನೀರಿಗೆ ಬರುತ್ತವೆ.

ನೀರಿನ ಪಾತ್ರೆ ಅಗಲವಾಗಿಯೂ ಆಳವಿಲ್ಲದೆಯೂ ಇರಬೇಕು. ಹೂಕುಂಡದ ಕೆಳಗಿಡುವ ಮಣ್ಣಿನ ತಟ್ಟೆ ಇದಕ್ಕೆ ಬಹಳ ಉತ್ತಮ. ನೀರಿನ ಆಳ 3ರಿಂದ 5 ಸೆಂಟಿಮೀಟರು ಸಾಕು. ಚಿಕ್ಕ ಹಕ್ಕಿಗಳು ಕಾಲೂರಲು ನಡುವೆ ಒಂದೆರಡು ಕಲ್ಲುಗಳನ್ನು ಇಡಬೇಕು. ಪ್ಲಾಸ್ಟಿಕ್ಕಿನ ನುಣುಪು ಪಾತ್ರೆಯಲ್ಲಿ ಹಕ್ಕಿಯ ಕಾಲು ಜಾರುತ್ತದೆ. ನೀರನ್ನು ದಿನವೂ ಚೆಲ್ಲಿ, ತಟ್ಟೆಯ ಒಳಮೈಯನ್ನು ತೆಂಗಿನ ನಾರಿನಿಂದ ಉಜ್ಜಿ, ಹೊಸ ನೀರು ತುಂಬತಕ್ಕದ್ದು. ಇದು ಹಕ್ಕಿಗಳ ಆರೋಗ್ಯಕ್ಕಷ್ಟೇ ಅಲ್ಲ, ನಮ್ಮ ಆರೋಗ್ಯಕ್ಕೂ ಅವಶ್ಯ. ಡೆಂಗೆ ಜ್ವರವನ್ನು ಹರಡುವ ಸೊಳ್ಳೆ ಇಂತಹ ನಿಂತ ನೀರಿನ ಅಂಚಿನಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ರೆಕ್ಕೆ ಬಂದ ಸೊಳ್ಳೆಯಾಗಲು ಅದಕ್ಕೆ ಸುಮಾರು ಒಂದು ವಾರ ಸಾಕು.

ಗಿಡವೇ ಊಟದ ಎಲೆ

ನೀರಿನ ಅನಂತರ ಗಿಡಮರಗಳು. ನಾವು ಕೈಯಾರೆ ಬಡಿಸಲಾಗದ ಆಹಾರವನ್ನು ಗಿಡಗಳು ಬಡಿಸುತ್ತವೆ. ದಾಸವಾಳ ಮತ್ತು ಬಾಳೆಯ ಹೂಗಳಿಗೆ ಸೂರಕ್ಕಿ ಬರುತ್ತದೆ. ಸುಮಾರು 8 ಗ್ರಾಂ ತೂಗುವ ಈ ಹಕ್ಕಿ ಮಕರಂದದ ಋಣವನ್ನು ತೀರಿಸದೆ ಹೋಗುವುದಿಲ್ಲ. ಹಣೆಗೆ ಅಂಟಿದ ಪರಾಗವನ್ನು ಒಂದು ಹೂವಿನಿಂದ ಮತ್ತೊಂದು ಹೂವಿಗೆ ಒಯ್ಯುತ್ತದೆ. ಜಾಗ ವಿಶಾಲವಾಗಿದ್ದರೆ ಹಾಲಿವಾಣ, ಮುತ್ತುಗಗಳನ್ನು ನೆಡಬಹುದು. ಅವುಗಳ ಕೆಂಪು ಹೂಗಳು ಅರಳಿದಾಗ ಗೊರವಂಕ, ಕಾಜಾಣ, ಸೂರಕ್ಕಿಗಳ ಸಂತೆಯೇ ನೆರೆಯುತ್ತದೆ.

ಹಣ್ಣಿಗಾಗಿ ಸೀಬೆ, ಪಪ್ಪಾಯಿ, ನೇರಳೆಗಳಿವೆ. ಅಡಿಗೆಗೆಂದು ಬೆಳೆಸುವ ಕರಿಬೇವಿನ ಕಪ್ಪು ಹಣ್ಣುಗಳೂ ಪಿಕಳಾರಕ್ಕೆ ಪ್ರಿಯ. ಬೇವಿನ ಹಣ್ಣನ್ನು ಗೊರವಂಕವೂ ಕೋಗಿಲೆಯೂ ತಿನ್ನುತ್ತವೆ. ನಮ್ಮ ನಾಡಿನ ಹೆಮ್ಮೆಯ ಗಂಧದ ಮರವಾದರೂ ಬೀಜ ಪ್ರಸಾರಕ್ಕೆ ಹಕ್ಕಿಗಳನ್ನೇ ನೆಚ್ಚಿದೆ. ಬೇಲಿಯಂಚಿನಲ್ಲಿ ತಾನಾಗಿ ಮೊಳೆತ ಗಂಧದ ಸಸಿಗಳು ಹೆಚ್ಚಾಗಿ ಹಕ್ಕಿಗಳು ಬಿತ್ತಿದವು. ಇದೇ ಕಾರಣದಿಂದ ಲಂಟಾನದಂತಹ ಪರದೇಶದ ಕಳೆಗಳನ್ನು ನೆಡಬಾರದು. ಅದರ ಹಣ್ಣನ್ನು ತಿಂದ ಹಕ್ಕಿಗಳೇ ಬೀಜವನ್ನು ಕಾಡಿಗೆ ಒಯ್ದು ಹರಡುತ್ತವೆ.

ಹುಳುಗಳಿಗಾಗಿ ನಾವು ವಿಶೇಷವಾಗಿ ಮಾಡಬೇಕಾದುದು ಏನೂ ಇಲ್ಲ. ಮಾಡದೆ ಬಿಡಬೇಕಾದುದು ಉಂಟು. ಕೀಟನಾಶಕವನ್ನು ಸಿಂಪಡಿಸದಿರುವುದು, ಉದುರಿದ ಎಲೆಗಳನ್ನು ಒಂದು ಮೂಲೆಯಲ್ಲಿ ಕೊಳೆಯಲು ಬಿಡುವುದು, ಅಂಗಳದ ಸ್ವಲ್ಪ ಭಾಗವನ್ನಾದರೂ ಮಣ್ಣಾಗಿಯೇ ಉಳಿಸುವುದು, ಇಷ್ಟೇ ಸಾಕು. ನಿಂಬೆಯ ಎಲೆಯನ್ನು ತಿನ್ನುವ ಹುಳುವನ್ನು ಕಂಡೊಡನೆ ಔಷಧವನ್ನು ಹುಡುಕುವ ಮೊದಲು, ಅದು ಸಿಂಪಿಗದ ಮರಿಯ ಬೆಳಗಿನ ಊಟವಾಗಿರಬಹುದೆಂದು ನೆನೆಯಬೇಕು.

ಬಡಿಸುವಾಗ ಎಚ್ಚರಿಕೆ

ಹಾಗಾದರೆ ಕಾಳನ್ನು ಹಾಕಲೇಬಾರದೇ? ಹಾಗೇನಿಲ್ಲ. ಭತ್ತದ ತೆನೆಗಳನ್ನು ಹೆಣೆದು ಜಗಲಿಯ ಮಾಡಿಗೆ ತೂಗುಹಾಕುವ ನಮ್ಮ ಹಿರಿಯರ ಪದ್ಧತಿ ಬಹಳ ಜಾಣ್ಮೆಯದು. ತೂಗಾಡುವ ತೆನೆಯನ್ನು ಹಿಡಿದು ತಿನ್ನಲು ಹಗುರವಾದ ಗುಬ್ಬಚ್ಚಿಗೆ ಸಾಧ್ಯ. ಭಾರವಾದ ಪಾರಿವಾಳಕ್ಕೆ ಕಷ್ಟ. ಸಜ್ಜೆ, ನವಣೆಯ ತೆನೆಗಳನ್ನೂ ಹೀಗೆಯೇ ಕಟ್ಟಬಹುದು. ಒಂದು ದಿನಕ್ಕೆ ಮುಗಿಯುವಷ್ಟನ್ನು ಮಾತ್ರ ಇಡಬೇಕು. ಉಪ್ಪು ಹಾಕಿದ ಕುರುಕಲು ತಿಂಡಿ, ಎಣ್ಣೆಯಲ್ಲಿ ಕರಿದ ಪದಾರ್ಥ, ಬೂಷ್ಟು ಹಿಡಿದ ಕಾಳು ಇವು ಖಂಡಿತ ಕೂಡವು.

ಅನೇಕ ಹಕ್ಕಿಗಳು ದಿನವೂ ಒಂದೇ ತಟ್ಟೆಯಲ್ಲಿ ಉಂಡರೆ ರೋಗ ಹರಡುವುದು ಸುಲಭ. ಬ್ರಿಟನ್ನಿನಲ್ಲಿ ಪಾರಿವಾಳಗಳ ಜಾತಿಯಲ್ಲಿ ಮೊದಲಿನಿಂದಲೂ ಇದ್ದ ಒಂದು ಸೂಕ್ಷ್ಮ ಪರೋಪಜೀವಿಯು 2005ರಲ್ಲಿ ಗ್ರೀನ್‌ಫಿಂಚ್ ಎಂಬ ಹಕ್ಕಿಗಳಲ್ಲಿ ಕಾಣಿಸಿಕೊಂಡು, 2006ರಲ್ಲಿ ಮಾರಿಯಂತೆ ಹರಡಿತು. ಅದು ಗಂಟಲಿನಲ್ಲಿ ಹುಣ್ಣಾಗಿಸಿ ನುಂಗದಂತೆ ಮಾಡುತ್ತದೆ; ರೋಗಿ ಹಕ್ಕಿಯ ಬಾಯಿಂದ ಬಿದ್ದ ಕಾಳನ್ನು ಮತ್ತೊಂದು ತಿಂದರೆ ಅದಕ್ಕೂ ಅಂಟುತ್ತದೆ. ಕೆಲವೇ ವರ್ಷಗಳಲ್ಲಿ ಅಲ್ಲಿನ ಗ್ರೀನ್‌ಫಿಂಚ್‌ಗಳ ಸಂಖ್ಯೆ ಮೂರನೆಯ ಒಂದು ಪಾಲಿನಷ್ಟು ಕುಸಿಯಿತು. ಪ್ರೀತಿಯಿಂದ ಇಟ್ಟ ತಟ್ಟೆಯೇ ಮೃತ್ಯುವಿನ ತಟ್ಟೆಯಾಗಬಾರದೆಂದಿದ್ದರೆ ಅದನ್ನು ತೊಳೆದು ಬಿಸಿಲಿನಲ್ಲಿ ಒಣಗಿಸುತ್ತಿರಬೇಕು. ರೋಗದ ಹಕ್ಕಿ ಕಂಡುಬಂದರೆ ಕೆಲವು ವಾರಗಳ ಕಾಲ ಆಹಾರವಿಡುವುದನ್ನು ನಿಲ್ಲಿಸಬೇಕು.

ಬೆಕ್ಕು ಅಡಗಿ ಕುಳಿತು ಹಾರದಂತೆ ತಟ್ಟೆಯನ್ನು ಪೊದೆಯಿಂದ ತುಸು ದೂರದಲ್ಲಿ, ನೆಲದಿಂದ ಎತ್ತರದಲ್ಲಿ ಇಡಬೇಕು. ಆದರೆ ಗಿಡುಗ ಬಂದರೆ ಹಾರಿ ಸೇರಿಕೊಳ್ಳಲು ಒಂದು ಮರ ಸಮೀಪದಲ್ಲಿರಬೇಕು. ಇನ್ನೊಂದು ಮಾತು: ಬಂದ ಅತಿಥಿಯನ್ನು ಪಂಜರದಲ್ಲಿಡುವ ಆಸೆ ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಮ್ಮ ನಾಡಿನ ಗಿಳಿಯನ್ನು ಹಿಡಿದು ಸಾಕುವುದೂ ಅಪರಾಧ.

ಹಿತ್ತಿಲೇ ಪ್ರಯೋಗಶಾಲೆ

ವಿದ್ಯಾರ್ಥಿಗಳು ಇದನ್ನು ಓದಿ ನಂಬಿದರೆ ಸಾಲದು; ಸ್ವತಃ ಪರೀಕ್ಷಿಸಿ ನೋಡಬೇಕು. ಮೊದಲ ವಾರ ಕಾಳನ್ನು ಮಾತ್ರ, ಎರಡನೆಯ ವಾರ ನೀರನ್ನು ಮಾತ್ರ ಇಟ್ಟು, ದಿನವೂ ಬೆಳಗ್ಗೆ ಗೊತ್ತಾದ ಹೊತ್ತಿನಲ್ಲಿ 15 ನಿಮಿಷ ಕುಳಿತು, ಬಂದ ಹಕ್ಕಿಗಳ ಜಾತಿಯನ್ನೂ ಸಂಖ್ಯೆಯನ್ನೂ ಬರೆದಿಡಲಿ. ಮೂರನೆಯ ವಾರ ತಟ್ಟೆಗಳನ್ನೆಲ್ಲ ತೆಗೆದು, ಗಿಡಗಳಿಗೆ ಬರುವ ಹಕ್ಕಿಗಳನ್ನು ಎಣಿಸಲಿ. ಮೂರು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಹಿತ್ತಿಲಿನಲ್ಲಿ ಯಾವುದರ ಕೊರತೆಯಿದೆಯೆಂಬುದು ತಾನಾಗಿ ತಿಳಿಯುತ್ತದೆ. 1998ರಲ್ಲಿ ಅಮೆರಿಕದಲ್ಲಿ ಆರಂಭವಾದ ಹಿತ್ತಿಲ ಹಕ್ಕಿಗಳ ಮಹಾಗಣತಿಯಲ್ಲಿ 2013ರಿಂದ ಭಾರತೀಯರೂ ಪಾಲ್ಗೊಳ್ಳುತ್ತಿದ್ದಾರೆ. ಪ್ರತಿವರ್ಷ ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಈ ಗಣತಿಗೆ ಬೇಕಾದುದು ಕನಿಷ್ಠ 15 ನಿಮಿಷಗಳ ವೀಕ್ಷಣೆ ಮಾತ್ರ. ನಗರದ ಗುಬ್ಬಚ್ಚಿ ಇಳಿಮುಖವಾಗಿದೆಯೆಂಬ ಸಂಗತಿ ಹೊರಬಿದ್ದುದೂ ಸಾವಿರಾರು ಸಾಮಾನ್ಯ ವೀಕ್ಷಕರು ಹೀಗೆ ಬರೆದಿಟ್ಟ ಪಟ್ಟಿಗಳಿಂದಲೇ.

ದೊಡ್ಡ ಹಿತ್ತಿಲು ಎಲ್ಲರಿಗೂ ಇರಲಾರದು. ಆದರೆ ಒಂದು ಮಣ್ಣಿನ ತಟ್ಟೆಯ ನೀರಿಗೂ ಕುಂಡದಲ್ಲಿನ ಒಂದು ದಾಸವಾಳಕ್ಕೂ ಮಹಡಿಯ ಮನೆಯ ಮೊಗಸಾಲೆಯಲ್ಲಿಯೂ ಸ್ಥಳವುಂಟು. ಹಿಡಿ ಅಕ್ಕಿಯಿಂದ ಹಕ್ಕಿಯ ಒಂದು ಹೊತ್ತಿನ ಹಸಿವು ತಣಿಯುತ್ತದೆ. ವಿಷ ಸೋಂಕದ ಗಿಡವೊಂದು ಅದರ ಮರಿಗಳನ್ನು ಸಾಕುತ್ತದೆ.