ಕೆಲಸದ ಹೊತ್ತಿನಲ್ಲಿ ಕಣ್ಣಿಗೆ ಕಾವಲು: ಗಾಗಲ್ಸ್ ಯಾವಾಗ ಹಾಕಬೇಕು?



ನಮ್ಮ ಸಂಘದ ಸಭೆಗಳಲ್ಲಿ ಉಳಿತಾಯ, ಸಾಲದ ಕಂತು, ಮಕ್ಕಳ ಓದು, ರೇಷನ್ ಕಾರ್ಡ್ ಎಲ್ಲದರ ಬಗ್ಗೆಯೂ ಮಾತಾಡುತ್ತೇವೆ. ಕಣ್ಣಿನ ಮಾತು ಬಂದರೆ ಮಾತ್ರ ಪೊರೆ, ಸಕ್ಕರೆ ಕಾಯಿಲೆ, ಓದುವ ಕನ್ನಡಕ ಇಷ್ಟಕ್ಕೇ ನಿಂತುಬಿಡುತ್ತದೆ. ವಯಸ್ಸಾದ ಮೇಲೆ ನಿಧಾನವಾಗಿ ಮಂಜಾಗುವ ಕಣ್ಣಿನ ಬಗ್ಗೆ ನಮಗೆ ಚಿಂತೆ ಇದೆ. ಕೆಲಸ ಮಾಡುವಾಗ ಒಂದೇ ಕ್ಷಣದಲ್ಲಿ ಹೋಗಿಬಿಡುವ ಕಣ್ಣಿನ ಬಗ್ಗೆ ಯಾರೂ ಮಾತಾಡುವುದಿಲ್ಲ.

ನಮ್ಮ ಸುತ್ತಮುತ್ತ ನೋಡಿ. ಚಾಮರಾಜಪೇಟೆ ಬಡಾವಣೆ ಹುಟ್ಟಿದ್ದು 1892 ರಲ್ಲಿ. 1898 ರ ಪ್ಲೇಗ್ ಬಂದ ಮೇಲೆ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಆ ಕಾಲದ ಗಾರೆ ಮನೆಗಳನ್ನು ಒಡೆದು ಈಗ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ಗೋಡೆ ಒಡೆಯುವವರು ಗಂಡಸರು. ಚೂರು ಬಾಚಿ ಬಾಣಲಿಯಲ್ಲಿ ಹೊರುವವರು ಹೆಣ್ಣುಮಕ್ಕಳು. ಇನ್ನು ಕೆಲವರು ಪವರ್ ಮೆಷಿನ್‌ನಲ್ಲಿ ಬಟ್ಟೆ ಹೊಲಿಯುತ್ತೇವೆ, ಬಿದಿರು ಸೀಳುತ್ತೇವೆ, ಆಫೀಸುಗಳಲ್ಲಿ ಶೌಚಾಲಯ ತೊಳೆಯುತ್ತೇವೆ. ಮನೆಯ ಗಂಡಸರು ವೆಲ್ಡಿಂಗ್ ಶಾಪ್, ಗ್ಯಾರೇಜು, ಮರಗೆಲಸದಲ್ಲಿದ್ದಾರೆ. ಕಣ್ಣಿಗೆ ಅಪಾಯವಿಲ್ಲದ ಮನೆ ನಮ್ಮಲ್ಲಿ ಕಡಿಮೆ.

ರೆಪ್ಪೆ ಇದೆಯಲ್ಲ, ಸಾಲದೇ?

"ಏನಾದ್ರೂ ಹಾರಿದ್ರೆ ಕಣ್ಣು ತಾನಾಗೇ ಮುಚ್ಚಿಕೊಳ್ಳುತ್ತೆ ಅಲ್ವಾ ಅಕ್ಕಾ?" ಅಂತ ಕೇಳುವವರಿದ್ದಾರೆ. ನಿಜ, ದೇವರು ರೆಪ್ಪೆಯನ್ನು ಅದಕ್ಕೇ ಕೊಟ್ಟಿದ್ದಾನೆ. ಆದರೆ ಅದು ಧೂಳಿಗೆ, ಸೊಳ್ಳೆಗೆ ಸಾಕು, ಮೆಷಿನ್‌ಗೆ ಸಾಲದು. ಲೆಕ್ಕ ನೋಡಿ. ರೆಪ್ಪೆ ಮುಚ್ಚಲು ಒಂದು ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ಹೊತ್ತು ಬೇಕು. ಕಬ್ಬಿಣ, ಟೈಲ್ಸ್ ಕತ್ತರಿಸುವ ನಾಲ್ಕು ಇಂಚಿನ ಕೈ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದರ ಅಂಚಿನ ವೇಗ ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ. ಆ ವೇಗದಲ್ಲಿ ಸಿಡಿದ ಚೂರು ಒಂದು ಮೊಳ ದೂರದ ಕಣ್ಣನ್ನು ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ ಮುಟ್ಟುತ್ತದೆ. ರೆಪ್ಪೆ ಏಳುವ ಮೊದಲೇ ಚೂರು ಒಳಗೆ ಹೋಗಿರುತ್ತದೆ.

ಕರಿಗುಡ್ಡೆಯ ಮುಂದೆ ಗಾಜಿನ ಹಾಗೆ ಇರುವ ಪದರಕ್ಕೆ ಡಾಕ್ಟರು ಕಾರ್ನಿಯಾ ಅನ್ನುತ್ತಾರೆ. ನಡುಭಾಗದಲ್ಲಿ ಅದರ ದಪ್ಪ ಅರ್ಧ ಮಿಲಿಮೀಟರಿನಷ್ಟು ಮಾತ್ರ. ಅದರ ಮೇಲೆ ಗಾಯದ ಕಲೆ ಉಳಿದರೆ ದೃಷ್ಟಿ ಮಂಜಾಗುತ್ತದೆ.

ಐದು ಮಾತು ನೆನಪಿಡಿ

ಯಾವ ಕೆಲಸಕ್ಕೆ ಗಾಗಲ್ಸ್ ಬೇಕು, ಯಾವುದಕ್ಕೆ ಬೇಡ ಎಂದು ಉದ್ದ ಪಟ್ಟಿ ಬಾಯಿಪಾಠ ಮಾಡಬೇಕಾಗಿಲ್ಲ. ಹೊಡೆ, ಕೊರೆ, ಉಜ್ಜು, ಸೀಳು, ಸುರಿ – ಈ ಐದರಲ್ಲಿ ಒಂದು ಬಂದರೂ ಕಣ್ಣು ಮುಚ್ಚಿರಬೇಕು, ಅಂದರೆ ಗಾಗಲ್ಸ್ ಒಳಗಿರಬೇಕು.

1. ಹೊಡೆಯುವಾಗ: ಗೋಡೆಗೆ ಮೊಳೆ, ಕಲ್ಲಿಗೆ ಚಾಣ, ಇಟ್ಟಿಗೆಗೆ ಸುತ್ತಿಗೆ. ಹಳೆಯ ಚಾಣದ ತಲೆ ನೋಡಿ, ಹೊಡೆದು ಹೊಡೆದು ಹೂವಿನ ಹಾಗೆ ಅರಳಿರುತ್ತದೆ. ಆ ಅರಳಿದ ಅಂಚಿನಿಂದಲೇ ಕಬ್ಬಿಣದ ಚೂರು ಸಿಡಿಯುವುದು. ಅಂಥ ಚಾಣವನ್ನು ಸಾಣೆ ಹಿಡಿಸಿ ಅಂಚು ತೆಗೆಸಬೇಕು.

2. ಕೊರೆಯುವಾಗ ಮತ್ತು ಕತ್ತರಿಸುವಾಗ: ಡ್ರಿಲ್ ಮೆಷಿನ್, ಟೈಲ್ಸ್ ಕಟರ್, ಮರ ಕೊಯ್ಯುವ ಗರಗಸ. ತಲೆಯ ಮೇಲೆ, ತಾರಸಿಗೆ ತೂತು ಕೊರೆಯುವಾಗ ಚೂರೆಲ್ಲ ನೇರ ಮುಖಕ್ಕೇ ಬೀಳುತ್ತದೆ.

3. ಉಜ್ಜುವಾಗ: ಸಾಣೆ ಚಕ್ರ, ತಂತಿ ಬ್ರಷ್, ಉಪ್ಪು ಕಾಗದ, ಗೋಡೆಯ ಹಳೆ ಬಣ್ಣ ಕೆರೆಯುವುದು. ಸ್ವಿಚ್ ಆರಿಸಿದ ಮೇಲೂ ಚಕ್ರ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಅದು ಪೂರ್ತಿ ನಿಂತ ಮೇಲೆಯೇ ಗಾಗಲ್ಸ್ ತೆಗೆಯಿರಿ.

4. ಸೀಳುವಾಗ ಮತ್ತು ಎಳೆದು ಬಿಗಿಯುವಾಗ: ಬಿದಿರ ಸೀಳು, ಸೆಂಟ್ರಿಂಗ್ ಕೆಲಸದ ಬೈಂಡಿಂಗ್ ವೈರ್, ಪೆಟ್ಟಿಗೆಗೆ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ. ಇವು ಕೈ ತಪ್ಪಿದರೆ ಚಾಟಿಯ ಹಾಗೆ ಹಿಂದಕ್ಕೆ ಬಂದು ಮುಖಕ್ಕೆ ಹೊಡೆಯುತ್ತವೆ. ಬಿದಿರು, ಕಡ್ಡಿ, ಗರಿ ತಾಗಿದ ಗಾಯಕ್ಕೆ ಇನ್ನೊಂದು ಅಪಾಯವಿದೆ: ಬೂಷ್ಟು ಹತ್ತಿ ಕಾರ್ನಿಯಾ ಮೇಲೆ ಹುಣ್ಣಾಗಬಹುದು. ಮೊದಲ ದಿನ ಸಣ್ಣ ಗೀರು, ಕೆಲವು ದಿನಗಳ ಮೇಲೆ ಬಿಳಿ ಚುಕ್ಕೆ. ಆದ್ದರಿಂದ ಗೀರು ಚಿಕ್ಕದೆಂದು ಬಿಡಬೇಡಿ.

5. ಸುರಿಯುವಾಗ: ಶೌಚಾಲಯದ ಆಸಿಡ್, ಬ್ಲೀಚಿಂಗ್ ಪೌಡರ್, ಸುಣ್ಣ, ಸಿಮೆಂಟು. ನಮ್ಮಲ್ಲಿ ಆಸಿಡ್‌ಗೆ ಹೆದರುತ್ತಾರೆ, ಸುಣ್ಣಕ್ಕೆ ಹೆದರುವುದಿಲ್ಲ. ಆದರೆ ಸುಣ್ಣ ಕಣ್ಣಿನ ಒಳಪದರಕ್ಕೆ ಇಳಿಯುತ್ತಲೇ ಹೋಗುತ್ತದೆ. ನೀರು ಹಾಕಿದಾಗ ಕುದಿಯುವ ಸುಣ್ಣದ ಹತ್ತಿರ ಬಗ್ಗಿ ನೋಡಬೇಡಿ, ಮಕ್ಕಳನ್ನೂ ಬಿಡಬೇಡಿ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಎಂದಿಗೂ ಒಟ್ಟಿಗೆ ಹಾಕಬಾರದು, ಅದರಿಂದ ವಿಷದ ಗಾಳಿ ಏಳುತ್ತದೆ.

ಹೊಲಿಗೆಯವರಿಗೂ ಒಂದು ಮಾತು. ಮೋಟಾರ್ ಮೆಷಿನ್‌ನಲ್ಲಿ ಜೀನ್ಸ್, ಬ್ಯಾಗು, ದಪ್ಪ ಮಡಿಕೆ ಹೊಲಿಯುವಾಗ ಸೂಜಿ ಮುರಿದು ತುದಿ ಹಾರುತ್ತದೆ. ಮೊಂಡಾದ ಸೂಜಿಯನ್ನು ಬದಲಿಸಿ. ದಪ್ಪ ಬಟ್ಟೆಗೆ ದಪ್ಪ ಸೂಜಿ ಹಾಕಿ. ಮುಖವನ್ನು ಸೂಜಿಯ ಹತ್ತಿರ ತರಬೇಡಿ. ದಿನವಿಡೀ ಇಂಥ ಬಟ್ಟೆಯೇ ಹೊಲಿಯುವವರಾದರೆ ಗಾಗಲ್ಸ್ ಹಾಕುವುದೇ ಕ್ಷೇಮ.

ಕೆಲಸ ನಮ್ಮದಲ್ಲ, ನಿಂತಿರುವುದು ಪಕ್ಕದಲ್ಲಿ

ಚೂರಿಗೆ ಮೇಸ್ತ್ರಿ ಯಾರು, ಹೆಲ್ಪರ್ ಯಾರು ಎಂದು ಗೊತ್ತಿಲ್ಲ. ಕಲ್ಲು ಹಿಡಿದುಕೊಂಡವಳು, ಗ್ರೈಂಡರ್ ಮುಂದೆ ನೀರು ಹಾಕುವವಳು, ಊಟದ ಡಬ್ಬಿ ಕೊಡಲು ಹೋದವಳು – ಎಲ್ಲರಿಗೂ ಅಪಾಯ ಒಂದೇ. ಹೊಡೆಯುವವನಿಗೆ ಗಾಗಲ್ಸ್ ಬೇಕಾದರೆ ಪಕ್ಕದವಳಿಗೂ ಬೇಕು. ಇಲ್ಲದಿದ್ದರೆ ದೂರ ಹೋಗಿ ನಿಲ್ಲಬೇಕು.

ವೆಲ್ಡಿಂಗ್ ಬೆಳಕಿನ ಸಂಗತಿ ಬೇರೆ. ಅದನ್ನು ಬರಿಗಣ್ಣಿನಿಂದ ನೋಡಿದರೆ ಆಗ ಏನೂ ಅನ್ನಿಸುವುದಿಲ್ಲ. ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ, ರಾತ್ರಿ ಮಲಗಿದಾಗ, ಕಣ್ಣಿಗೆ ಮರಳು ಸುರಿದ ಹಾಗೆ ಉರಿ, ನೀರು, ನೋವು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ, ಆದರೂ ಡಾಕ್ಟರಿಗೆ ತೋರಿಸಿ. ವೆಲ್ಡಿಂಗ್‌ಗೆ ಅದರದೇ ಕಪ್ಪು ಗಾಜಿನ ಮುಖಕವಚ ಬೇಕು. ಬಿಸಿಲಿನ ಕೂಲಿಂಗ್ ಗ್ಲಾಸ್ ಸಾಲದು. ರಸ್ತೆ ಬದಿಯ ವೆಲ್ಡಿಂಗ್ ಶಾಪ್ ಮುಂದೆ ಮಕ್ಕಳನ್ನು ನಿಲ್ಲಿಸಬೇಡಿ.

ಎಂಥ ಗಾಗಲ್ಸ್ ಕೊಳ್ಳಬೇಕು?

ಪವರ್ ಕನ್ನಡಕ ಇದ್ದವರು "ನಂಗೆ ಕನ್ನಡಕ ಇದೆಯಲ್ಲ" ಅನ್ನುತ್ತಾರೆ. ಅದು ಓದಲು, ನೋಡಲು ಮಾಡಿದ್ದು. ಪಕ್ಕ ತೆರೆದಿರುತ್ತದೆ, ಗಾಜಾದರೆ ಒಡೆದು ಕಣ್ಣಿಗೇ ಚುಚ್ಚಬಹುದು. ಅದರ ಮೇಲೆಯೇ ಹಾಕಿಕೊಳ್ಳುವಂಥ ದೊಡ್ಡ ಗಾಗಲ್ಸ್ ಸಿಗುತ್ತದೆ.

ಚೂರು ಸಿಡಿಯುವ ಕೆಲಸಕ್ಕೆ ಪಕ್ಕದಲ್ಲೂ ಮರೆ ಇರುವ, ಒಡೆಯದ ಪ್ಲಾಸ್ಟಿಕ್ಕಿನ ಸಾದಾ ಗಾಗಲ್ಸ್ ಸಾಕು. ಆಸಿಡ್, ಸುಣ್ಣ, ಸಿಮೆಂಟ್ ಧೂಳಿಗೆ ಸುತ್ತಲೂ ಮುಖಕ್ಕೆ ಅಂಟಿ ಕೂರುವ, ಹಿಂದೆ ಎಲಾಸ್ಟಿಕ್ ಇರುವ ಗಾಗಲ್ಸ್ ಬೇಕು. ಗ್ರೈಂಡರ್ ಕೆಲಸಕ್ಕೆ ಗಾಗಲ್ಸ್ ಹಾಕಿ, ಅದರ ಮೇಲೆ ಮುಖದ ಶೀಲ್ಡ್ ಹಾಕಿದರೆ ಇನ್ನೂ ಒಳ್ಳೆಯದು. ಶೀಲ್ಡ್ ಒಂದೇ ಸಾಲದು, ಕೆಳಗಿನಿಂದ ಚೂರು ನುಗ್ಗುತ್ತದೆ. ಕೊಳ್ಳುವಾಗ ಐಎಸ್ಐ ಗುರುತು, ಐಎಸ್ 5983 ಎಂಬ ಸಂಖ್ಯೆ ಇದೆಯೇ ನೋಡಿ. ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಚಾರಿಸಿ. ಸಾದಾ ಗಾಗಲ್ಸ್‌ಗೆ ಬಹಳ ಬೆಲೆಯಿಲ್ಲ. ಹತ್ತು ಜನ ಸೇರಿ ಕೊಂಡರೆ ಇನ್ನೂ ಕಡಿಮೆಗೆ ಕೇಳಬಹುದು.

ಬೆವರಿಗೆ ಮಂಜಾಗುತ್ತದೆ ಎಂದು ತೆಗೆದಿಡುವವರೇ ಹೆಚ್ಚು. ಗಾಳಿ ಆಡಲು ತೂತಿರುವುದನ್ನು ಕೊಳ್ಳಿ, ಆದರೆ ದ್ರಾವಣದ ಕೆಲಸಕ್ಕೆ ನೇರ ತೂತು ಇರಬಾರದು. ಸೋಪು ನೀರಿನಿಂದ ತೊಳೆದು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಗೀರು ಬಿದ್ದು ಕಾಣದಂತಾದರೆ ಬದಲಿಸಿ. ತೆಗೆಯುವ ಮೊದಲು ಕೂದಲು, ಹುಬ್ಬಿನ ಧೂಳು ಒರೆಸಿಕೊಳ್ಳಿ. ಕೆಲಸ ಮುಗಿದ ಮೇಲೆ ಬಿದ್ದ ಧೂಳೂ ಧೂಳೇ.

ಪೆಟ್ಟಾದರೆ ಏನು ಮಾಡಬೇಕು?

ಆಸಿಡ್, ಸುಣ್ಣ, ಸಿಮೆಂಟು ಬಿದ್ದರೆ: ತಕ್ಷಣ ನೀರು. ಆಟೋ ಹುಡುಕುವ ಮೊದಲು ನೀರು. ರೆಪ್ಪೆ ಬಿಡಿಸಿ ಹಿಡಿದು, ಕೊಳಾಯಿ ಅಥವಾ ಚೊಂಬಿನ ಶುದ್ಧ ನೀರನ್ನು ಕನಿಷ್ಠ 20 ನಿಮಿಷ ಬಿಡದೆ ಹಾಯಿಸಿ. ತೊಳೆದ ನೀರು ಇನ್ನೊಂದು ಕಣ್ಣಿಗೆ ಹರಿಯದಂತೆ ತಲೆ ಓರೆ ಮಾಡಿ. ಆಮೇಲೆ ಆಸ್ಪತ್ರೆಗೆ.

ಧೂಳು ಬಿದ್ದರೆ: ಉಜ್ಜಬೇಡಿ. ರೆಪ್ಪೆ ಬಡಿಯಿರಿ, ನೀರಲ್ಲಿ ತೊಳೆಯಿರಿ. ಹೋಗದಿದ್ದರೆ ಡಾಕ್ಟರ ಹತ್ತಿರ ಹೋಗಿ. ಕಬ್ಬಿಣದ ಚೂರು ಕಾರ್ನಿಯಾ ಮೇಲೆ ಉಳಿದರೆ ಅಲ್ಲೇ ತುಕ್ಕು ಹಿಡಿಯುತ್ತದೆ.

ಚುಚ್ಚಿಕೊಂಡರೆ: ಕೀಳಬೇಡಿ, ತೊಳೆಯಬೇಡಿ, ಒತ್ತಿ ಪಟ್ಟಿ ಕಟ್ಟಬೇಡಿ. ಕಾಗದದ ಲೋಟವನ್ನು ಕಣ್ಣಿನ ಮೇಲೆ ತಾಗದಂತೆ ಕವುಚಿ ಅಂಟಿಸಿ, ಕೂಡಲೇ ಹೊರಡಿ. ಆಪರೇಷನ್ ಬೇಕಾಗಬಹುದು, ದಾರಿಯಲ್ಲಿ ಊಟ ತಿಂಡಿ ಕೊಡಬೇಡಿ.

ಸುತ್ತಿಗೆ ಹೊಡೆಯುವಾಗ ಚುರ್ ಅಂದು, ಆಮೇಲೆ ನೋವೇ ಇಲ್ಲದಿದ್ದರೂ ತೋರಿಸಿ. ಸಣ್ಣ ಚೂರು ಕಣ್ಣಿನೊಳಗೆ ಹೊಕ್ಕಿದ್ದರೂ ಮೊದಲು ದೃಷ್ಟಿ ಚೆನ್ನಾಗಿಯೇ ಇರಬಹುದು. ನಿಧಾನವಾಗಿ ಒಳಗಿಂದ ಕೆಡಿಸುತ್ತದೆ. ಏನು ಹಾರಿತು, ಕಬ್ಬಿಣವೋ ಕಲ್ಲೋ ಎಂಬುದನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಎದೆಹಾಲು, ಎಣ್ಣೆ, ತುಪ್ಪ, ಜೇನು, ಸೊಪ್ಪಿನ ರಸ ಯಾವುದನ್ನೂ ಬಿಡಬೇಡಿ. ಮನೆಯಲ್ಲಿ ಉಳಿದ ಹಳೆ ಡ್ರಾಪ್ಸ್ ಕೂಡ ಬೇಡ. ಕೆಲವು ಡ್ರಾಪ್ಸ್‌ನಲ್ಲಿ ಸ್ಟಿರಾಯ್ಡ್ ಇರುತ್ತದೆ. ಕೆಂಪು ಇಳಿಯುತ್ತದೆ, ವಾಸಿಯಾಯಿತು ಅನ್ನಿಸುತ್ತದೆ. ಒಳಗೆ ಬೂಷ್ಟಿನ ಹುಣ್ಣು ಹೆಚ್ಚುತ್ತಿರುತ್ತದೆ.

ನಮ್ಮ ಪುಣ್ಯಕ್ಕೆ ಮಿಂಟೋ ಕಣ್ಣಾಸ್ಪತ್ರೆ ಚಾಮರಾಜಪೇಟೆಯಲ್ಲಿ, ಕೆ.ಆರ್. ಮಾರುಕಟ್ಟೆಯ ಹತ್ತಿರವೇ ಇದೆ. 1896 ರಲ್ಲಿ ಶುರುವಾದ ಸರ್ಕಾರಿ ಆಸ್ಪತ್ರೆ ಅದು. ದೀಪಾವಳಿಯಲ್ಲಿ ಪಟಾಕಿಯಿಂದ ಕಣ್ಣಿಗೆ ಪೆಟ್ಟಾದವರು ಅಲ್ಲಿಗೆ ಓಡುವುದನ್ನು ಪ್ರತಿವರ್ಷ ಪೇಪರಿನಲ್ಲಿ ಓದುತ್ತೇವೆ. ಕೆಲಸದಲ್ಲಿ ಪೆಟ್ಟಾಗುವುದಕ್ಕೆ ಹಬ್ಬವಿಲ್ಲ, ಎಲ್ಲ ದಿನವೂ ಆಗುತ್ತದೆ. ಅದು ಪೇಪರಿಗೆ ಬರುವುದಿಲ್ಲ ಅಷ್ಟೇ.

ಸಂಘ ಏನು ಮಾಡಬಹುದು?

"ಗಾಗಲ್ಸ್ ಕೇಳಿದ್ರೆ ನಾಳೆಯಿಂದ ಬರಬೇಡ ಅಂತಾರೆ" – ಇದು ಸುಳ್ಳು ಭಯವಲ್ಲ. ಒಬ್ಬಳೇ ಕೇಳಿದರೆ ಹಾಗೆ ಅನ್ನಬಹುದು. ಆದ್ದರಿಂದಲೇ ಸಂಘ ಬೇಕು. 1948 ರ ಕಾರ್ಖಾನೆ ಕಾಯಿದೆಯ 35ನೇ ಕಲಮಿನಲ್ಲೇ, ಚೂರು ಸಿಡಿಯುವ ಮತ್ತು ಕಣ್ಣಿಗೆ ಕೆಡುಕಾಗುವ ಬೆಳಕಿನ ಕೆಲಸಗಳಿಗೆ ಪರದೆ ಅಥವಾ ಗಾಗಲ್ಸ್ ಒದಗಿಸಲು ನಿಯಮ ಮಾಡುವ ಮಾತು ಇತ್ತು. ಅಂದರೆ ಈ ಬೇಡಿಕೆ ಹೊಸದಲ್ಲ, ಭಿಕ್ಷೆಯೂ ಅಲ್ಲ.

ಮುಂದಿನ ಸಭೆಯಲ್ಲಿ ಈ ನಾಲ್ಕು ಕೆಲಸ ಮಾಡೋಣ.

• ಯಾರ ಮನೆಯಲ್ಲಿ ಯಾರು ಹೊಡೆ, ಕೊರೆ, ಉಜ್ಜು, ಸೀಳು, ಸುರಿ ಕೆಲಸ ಮಾಡುತ್ತಾರೆ ಎಂದು ಪಟ್ಟಿ ಬರೆಯೋಣ.

• ಸಂಘದ ಹಣದಿಂದ ಗಾಗಲ್ಸ್ ಒಟ್ಟಾಗಿ ತಂದು, ವಾರಕ್ಕೆ ಇಷ್ಟೆಂದು ಸದಸ್ಯರಿಂದ ವಾಪಸ್ ಪಡೆಯಲು ನಿರ್ಣಯ ಪುಸ್ತಕದಲ್ಲಿ ಬರೆಯೋಣ.

• ಒಂದೇ ಕಡೆ ಕೆಲಸ ಮಾಡುವವರು ಸೇರಿಕೊಂಡು ಮೇಸ್ತ್ರಿಯನ್ನು, ಮಾಲೀಕರನ್ನು ಕೇಳೋಣ.

• ಕಟ್ಟಡ ಕೆಲಸದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದ್ದಾರೆಯೇ ನೋಡೋಣ. 18 ರಿಂದ 60 ವರ್ಷದೊಳಗಿದ್ದು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಅರ್ಜಿ ಹಾಕಬಹುದು. ಅಪಘಾತವಾದರೆ ಮಂಡಳಿಯ ಸಹಾಯ ಕೇಳಲು ಈ ನೋಂದಣಿ ಬೇಕು. ತಲೆಯ ಮೇಲೆ ಬಾಣಲಿ ಹೊರುವ ಹೆಲ್ಪರ್ ಕೂಡ ಕಟ್ಟಡ ಕಾರ್ಮಿಕಳೇ.

ಆಯುಧ ಪೂಜೆಯ ದಿನ ಹತ್ಯಾರಗಳಿಗೆಲ್ಲ ಕುಂಕುಮ ಇಡುವ ಮನೆಗಳು ನಮ್ಮ ಸಂಘದಲ್ಲಿವೆ. ಮೇ 1 ರಂದು, ಬಡಗಿಯಾಗಿ ದುಡಿದ ಸಂತ ಜೋಸೆಫರ ಹಬ್ಬ ಮಾಡುವ ಮನೆಗಳೂ ಇವೆ. ಉಳಿ, ಸುತ್ತಿಗೆ ಇಟ್ಟ ಜಾಗದಲ್ಲೇ ಇನ್ನು ಮುಂದೆ ಒಂದು ಗಾಗಲ್ಸ್ ಕೂಡ ಇರಲಿ. ಸುತ್ತಿಗೆ ಕೈಗೆ ತೆಗೆದುಕೊಳ್ಳುವ ಮೊದಲು ಅದು ಕಣ್ಣಿಗೆ ಏರಲಿ. "ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು" ಅನ್ನುವ ಗಾದೆ ನಮ್ಮ ಮನೆಯ ಮಾತಾಗುವುದು ಬೇಡ.